ಅಂಚೆಚೀಟಿಯ ಜನಕ ರೋಲೆಂಡ್ ಹಿಲ್

ಬೇರಿಂಗ್ ಕಾಗದವೆಂಬ ಮಾತನ್ನು ನಮ್ಮ ಹಿರಿಯ ಓದುಗರು ಬಲ್ಲರು. ಚೀಟಿ ಅಂಟಿಸದೆ ಪೆಟ್ಟಿಗೆಗೆ ಹಾಕಿದ ಕಾಗದವದು. ಅದನ್ನು ಬಿಡಿಸಿಕೊಳ್ಳಬೇಕಾದರೆ ಪಡೆಯುವವರು ಇಮ್ಮಡಿ ಹಣ ತೆರಬೇಕು. ಪೋಸ್ಟ್‌ಮ್ಯಾನ್ ಅಂಗಳದಲ್ಲಿ ನಿಂತು ಬೇರಿಂಗ್ ಎಂದೊಡನೆ ಮನೆಯಾಕೆಯ ಎದೆ ಒಮ್ಮೆ ಡವಗುಟ್ಟುತ್ತಿತ್ತು; ಸುದ್ದಿ ಒಳ್ಳೆಯದೋ ಕೆಟ್ಟದೋ, ಹಣವಂತೂ ಕೊಡಲೇಬೇಕು. ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಬಹುಪಾಲು ಕಾಗದಗಳೂ ಹೀಗೆಯೇ ಬರುತ್ತಿದ್ದವು. ಕಳುಹಿಸುವವನಿಗೆ ಖರ್ಚಿಲ್ಲ, ಪಡೆಯುವವನು ತೆರಬೇಕು. ಈ ಪದ್ಧತಿಯನ್ನು ತಲೆಕೆಳಗು ಮಾಡಿದವರು ರೋಲೆಂಡ್ ಹಿಲ್. ಅವರು ಅಂಚೆ ಇಲಾಖೆಯ ನೌಕರರಾಗಿರಲಿಲ್ಲ, ಶಾಲಾ ಮಾಸ್ತರರಾಗಿದ್ದರು ಎಂಬುದೇ ಇಲ್ಲಿನ ಸೋಜಿಗ.

ಹಿಲ್ಲರು ಹುಟ್ಟಿದ್ದು 1795ನೇ ಇಸವಿಯ ಡಿಸೆಂಬರ್ 3ರಂದು, ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಎಂಬ ಪಟ್ಟಣದಲ್ಲಿ. ತಂದೆ ಥಾಮಸ್ ರೈಟ್ ಹಿಲ್ ವಿದ್ಯಾವಂತರು, ಹೊಸ ವಿಚಾರಗಳ ಮನುಷ್ಯ, ಆದರೆ ಕೈಯಲ್ಲಿ ಕಾಸು ನಿಲ್ಲದವರು. ಮನೆ ತುಂಬ ಮಕ್ಕಳು. ಕೈ ಬರಿದಾದ ಹೊತ್ತಿಗೆ ಟಪಾಲಿನವನು ಬಂದುಬಿಟ್ಟರೆ ಏನು ಗತಿ ಎಂದು ತಾಯಿ ಹೆದರುತ್ತಿದ್ದರು. ಒಮ್ಮೆ ಇಂಥ ಇಕ್ಕಟ್ಟಿನಲ್ಲಿ ಹಳೆಬಟ್ಟೆಯ ಗಂಟೊಂದನ್ನು ಮಾರಿ ಬರಲು ಬಾಲಕ ರೋಲೆಂಡನನ್ನೇ ಕಳುಹಿಸಿದ್ದುಂಟು. ಅಂಚೆದರವೆಂದರೆ ಸರಕಾರದ ಕಡತದಲ್ಲಿನ ಅಂಕಿಯಲ್ಲ, ಒಲೆಯ ಮೇಲಿನ ಗಡಿಗೆಗೆ ತಾಗುವ ಸಂಗತಿ ಎಂಬುದನ್ನು ಅವರು ಕಲಿತದ್ದು ಆ ಮನೆಯಲ್ಲಿ.

ತಂದೆ ತೆರೆದ ಶಾಲೆಯಲ್ಲಿ ಹನ್ನೆರಡನೆಯ ವಯಸ್ಸಿಗೇ ರೋಲೆಂಡ್ ಪಾಠ ಹೇಳಲಾರಂಭಿಸಿದರು. ಲೆಕ್ಕದಲ್ಲಿ ಬಲು ಚುರುಕು, ಕೈಕೆಲಸದಲ್ಲೂ ಅಷ್ಟೇ. ಮುಂದೆ ಅಣ್ಣತಮ್ಮಂದಿರು ಕೂಡಿ ಬರ್ಮಿಂಗ್‌ಹ್ಯಾಮಿನ ಬಳಿ ಹೇಜಲ್‌ವುಡ್ ಎಂಬಲ್ಲಿ ನಡೆಸಿದ ಶಾಲೆ ಹೆಸರುವಾಸಿಯಾಯಿತು. ಅಲ್ಲಿ ಬೆತ್ತಕ್ಕೆ ಕೆಲಸವಿರಲಿಲ್ಲ. ಶಾಲೆಯ ನಿಯಮಗಳನ್ನು ನಡೆಸುವುದರಲ್ಲಿ ವಿದ್ಯಾರ್ಥಿಗಳಿಗೇ ಪಾಲಿತ್ತು. ಬೆತ್ತವೇ ಗುರುವೆಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1827ರಲ್ಲಿ ಶಾಲೆಯ ಶಾಖೆಯೊಂದು ಲಂಡನ್ನಿನ ಹತ್ತಿರದ ಟಾಟನ್‌ಹ್ಯಾಮಿನ ಬ್ರೂಸ್ ಕ್ಯಾಸಲ್‌ನಲ್ಲಿ ಆರಂಭವಾಯಿತು. ಅದೇ ವರ್ಷ ಕ್ಯಾರೊಲಿನ್ ಪಿಯರ್‌ಸನ್ ಎಂಬವರೊಡನೆ ಹಿಲ್ಲರ ವಿವಾಹವಾಯಿತು.

ಪತ್ರಿಕೆಯವರಾದ ನಮಗೆ ವಿಶೇಷವೆನಿಸುವ ಸಂಗತಿಯೊಂದು ಇಲ್ಲಿದೆ. 1835ರಲ್ಲಿ ಹಿಲ್ಲರು ಒಂದು ಮುದ್ರಣಯಂತ್ರಕ್ಕೆ ಹಕ್ಕುಪತ್ರ ಪಡೆದರು. ಬಿಡಿ ಹಾಳೆಗಳ ಬದಲು ಉದ್ದನೆಯ ಕಾಗದದ ಸುರುಳಿ. ಚಪ್ಪಟೆ ಅಚ್ಚಿನ ಬದಲು ತಿರುಗುವ ಉರುಳೆ. ಇಂದು ದೊಡ್ಡ ದೈನಿಕಗಳನ್ನು ಅಚ್ಚು ಹಾಕುವ ರೋಟರಿ ಯಂತ್ರದ ತತ್ತ್ವ ಇದೇ. ಆದರೆ ಅಂದು ಇಂಗ್ಲೆಂಡಿನಲ್ಲಿ ಪತ್ರಿಕೆಯ ಪ್ರತಿಯೊಂದು ಹಾಳೆಗೂ ಸುಂಕದ ಮುದ್ರೆ ಬೀಳಬೇಕಿತ್ತು. ಆ ಮುದ್ರೆಯನ್ನು ಸುರುಳಿಯ ಮೇಲೆ ಯಂತ್ರವೇ ಒತ್ತಲಿ ಎಂದರೆ ಖಜಾನೆಯವರು ಒಪ್ಪಲಿಲ್ಲ. ಬಿಡಿ ಹಾಳೆಗಳಿಗೇ ಮುದ್ರೆ ಎಂದು ಹಟ ಹಿಡಿದರು. ಯಂತ್ರ ಮೂಲೆಗೆ ಬಿತ್ತು. ಸುರುಳಿ ಕಾಗದದ ಮುದ್ರಣ ಬಳಕೆಗೆ ಬರಲು ಮತ್ತೆ ಸುಮಾರು ಮೂವತ್ತು ವರ್ಷ ಹಿಡಿಯಿತು. ಒಂದು ಮುದ್ರೆಯ ದೆಸೆಯಿಂದ ಸೋತ ಮನುಷ್ಯ ಐದೇ ವರ್ಷಗಳಲ್ಲಿ ಮತ್ತೊಂದು ಮುದ್ರೆಯಿಂದ ಹೆಸರಾದರು.

ಆಗಿನ ಅಂಚೆಯ ಅವಸ್ಥೆ ಹೇಗಿತ್ತು? ದರ ಗೊತ್ತುಮಾಡುತ್ತಿದ್ದುದು ದೂರವನ್ನು ನೋಡಿ, ಹಾಳೆಗಳನ್ನು ಎಣಿಸಿ. ಒಳಗೆ ಎಷ್ಟು ಹಾಳೆಯಿದೆಯೆಂದು ತಿಳಿಯಲು ಗುಮಾಸ್ತರು ಕಾಗದವನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಲಂಡನ್ನಿನಿಂದ ಎಡಿನ್‌ಬರೊಗೆ ಒಂದೇ ಹಾಳೆಯ ಕಾಗದಕ್ಕೆ ಒಂದು ಶಿಲ್ಲಿಂಗಿಗೂ ಮಿಕ್ಕಿ ಬೀಳುತ್ತಿತ್ತು. ಕೂಲಿಯವನಿಗೆ ಅದು ಕೈಗೆಟುಕದ ಹಣ. ಆದರೆ ಪಾರ್ಲಿಮೆಂಟಿನ ಸದಸ್ಯರು ಸಹಿ ಹಾಕಿದ ಕಾಗದ ಪುಕ್ಕಟೆ ಹೋಗುತ್ತಿತ್ತು. ಉಳ್ಳವರಿಗೆ ಬಿಟ್ಟಿ, ಇಲ್ಲದವರಿಗೆ ಬರೆ!

ಕವಿ ಕೋಲರಿಜ್ ಕಂಡ ಪ್ರಸಂಗವೊಂದನ್ನು ಹಿಲ್ಲರು ಉದಾಹರಿಸುತ್ತಿದ್ದರು. ಬಡ ಹೆಣ್ಣುಮಗಳೊಬ್ಬಳು ಟಪಾಲಿನವನ ಕೈಯಿಂದ ಕಾಗದ ತೆಗೆದುಕೊಂಡು, ತಿರುಗಿಸಿ ನೋಡಿ, ಹಣವಿಲ್ಲವೆಂದು ಮರಳಿಸಿದಳು. ಕವಿಗೆ ಕನಿಕರ ಹುಟ್ಟಿ, ಆಕೆ ಬೇಡವೆಂದರೂ ತಾವೇ ಹಣ ತೆತ್ತರು. ಟಪಾಲಿನವನು ಮರೆಯಾದ ಮೇಲೆ ಆಕೆ ಕಾಗದ ಬಿಡಿಸಿ ತೋರಿಸಿದಳು. ಒಳಗೆ ಒಂದಕ್ಷರವೂ ಇರಲಿಲ್ಲ. ಸುಖವಾಗಿದ್ದರೆ ಬರಿಯ ಹಾಳೆ ಮಡಚಿ ಕಳುಹಿಸುವುದು, ಹಣ ಕೊಡದೆ ಅದನ್ನು ಮರಳಿಸುವುದು, ಇದು ದೂರದ ಅಣ್ಣನೊಂದಿಗೆ ಆಕೆ ಮಾಡಿಕೊಂಡಿದ್ದ ಒಪ್ಪಂದ. ಈ ಕತೆಯನ್ನು ಹಿಲ್ಲರೇ ಕಣ್ಣಾರೆ ಕಂಡರೆಂದು ಹೇಳುವ ವಾಡಿಕೆ ಇದೆ. ಅದು ಸರಿಯಲ್ಲ. ಆ ಅಣ್ಣತಂಗಿಯನ್ನು ವಂಚಕರೆನ್ನಲು ನಮಗಂತೂ ಮನಸ್ಸು ಬಾರದು.

ರಾಬರ್ಟ್ ವಾಲೇಸ್ ಎಂಬ ಪಾರ್ಲಿಮೆಂಟ್ ಸದಸ್ಯರು ಅಂಚೆಯ ಸುಧಾರಣೆಗಾಗಿ ಅದಾಗಲೇ ಹೋರಾಡುತ್ತಿದ್ದರು. ಅವರು ಹೊರೆಗಟ್ಟಲೆ ಸರಕಾರಿ ವರದಿಗಳನ್ನು ಹಿಲ್ಲರಿಗೆ ಕೊಟ್ಟರು. ಲೆಕ್ಕದ ಮಾಸ್ತರರಿಗೆ ಇನ್ನೇನು ಬೇಕು? ಜನಸಂಖ್ಯೆ ಬೆಳೆಯುತ್ತಿದೆ, ಪ್ರಯಾಣದ ಬಂಡಿಗಳ ಸುಂಕದ ಉತ್ಪತ್ತಿ ಏರುತ್ತಿದೆ, ಅಂಚೆಯ ಉತ್ಪತ್ತಿ ಮಾತ್ರ ಇಪ್ಪತ್ತು ವರ್ಷಗಳಿಂದ ಇದ್ದಲ್ಲೇ ಇದೆ ಎಂಬುದು ಅವರ ಮೊದಲ ಶೋಧನೆ. ಎರಡನೆಯದು ಇನ್ನೂ ಬೆರಗಿನದು. ಒಂದು ಕಾಗದವನ್ನು ಲಂಡನ್ನಿನಿಂದ ಎಡಿನ್‌ಬರೊಗೆ ಒಯ್ಯುವ ನಿಜವಾದ ಸಾಗಣೆ ಖರ್ಚು ಒಂದು ಪೆನ್ನಿಯ ಮೂವತ್ತಾರರಲ್ಲಿ ಒಂದು ಭಾಗ ಮಾತ್ರ! ಹಣ ಹಾಳಾಗುತ್ತಿದ್ದುದು ದೂರದಿಂದಲ್ಲ. ಪ್ರತಿ ಕಾಗದಕ್ಕೂ ದರ ಕಟ್ಟಿ, ಲೆಕ್ಕ ಬರೆದು, ಮನೆ ಬಾಗಿಲಲ್ಲಿ ವಸೂಲಿಗೆ ಕಾದು ನಿಲ್ಲುವುದರಿಂದ. ಹಾಗಿದ್ದಲ್ಲಿ ದೂರದ ಲೆಕ್ಕವೇಕೆ? ದೇಶದೊಳಗೆ ಎಲ್ಲಿಗಾದರೂ ಅರ್ಧ ಔನ್ಸಿಗೆ ಒಂದು ಪೆನ್ನಿ ಇರಲಿ, ಅದನ್ನು ಕಳುಹಿಸುವವನೇ ಮುಂಗಡ ಕೊಡಲಿ. 1837ರ ಆರಂಭದಲ್ಲಿ ಇದನ್ನೆಲ್ಲ ಒಂದು ಕಿರುಹೊತ್ತಗೆಯಾಗಿ ಹೊರತಂದರು. ಮುದ್ರೆಯನ್ನು ಹೊರುವಷ್ಟೇ ಅಗಲದ ಕಾಗದದ ತುಣುಕು, ಬೆನ್ನಿಗೆ ಅಂಟು, ಇದನ್ನು ಒದ್ದೆಮಾಡಿ ಹಚ್ಚಬಹುದೆಂಬ ಸಲಹೆಯನ್ನೂ ಅದೇ ವರ್ಷದ ಫೆಬ್ರವರಿಯಲ್ಲಿ ವಿಚಾರಣಾ ಆಯೋಗದ ಮುಂದಿಟ್ಟರು.

ಅಂಚೆಯ ದೊಡ್ಡ ಅಧಿಕಾರಿಗಳು ಇದನ್ನು ಹುಚ್ಚು ಎಂದು ತಳ್ಳಿಹಾಕಿದರು. ವರ್ತಕರೂ ಜನಸಾಮಾನ್ಯರೂ ಅರ್ಜಿಗಳ ಮಳೆಗರೆದರು. 1839ರ ಆಗಸ್ಟ್ 17ರಂದು ಕಾಯಿದೆಯಾಯಿತು. 1840ರ ಜನವರಿ 10ರಿಂದ ಪೆನ್ನಿ ಅಂಚೆ ಜಾರಿಗೆ ಬಂತು. ಪಾರ್ಲಿಮೆಂಟಿನವರ ಪುಕ್ಕಟೆ ಸಹಿಯೂ ಅಲ್ಲಿಗೆ ಮುಗಿಯಿತು.

ಇನ್ನು ಚೀಟಿ ಆಗಬೇಕು. ಅದೇ ಕಷ್ಟದ ಕೆಲಸ. ಒಂದು ಪೆನ್ನಿ ಬೆಲೆಯ ಕಾಗದದ ಚೂರೆಂದರೆ ಅದು ಹಣವೇ. ಕಳ್ಳಚೀಟಿ ಅಚ್ಚು ಹಾಕುವವರು ಹುಟ್ಟದಿರುತ್ತಾರೆಯೇ? ಖಜಾನೆ ಏರ್ಪಡಿಸಿದ ಸ್ಪರ್ಧೆಗೆ ಸುಮಾರು 2,600 ಸಲಹೆಗಳು ಬಂದವು. ಹಾಗೆಯೇ ಬಳಸಬಹುದಾದದ್ದು ಒಂದೂ ಇರಲಿಲ್ಲ. ಕೊನೆಗೆ ರಾಣಿ ವಿಕ್ಟೋರಿಯಾಳ ಮುಖವನ್ನೇ ಆರಿಸಿದರು. ಪರಿಚಿತ ಮುಖದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಣ್ಣು ಗುರುತಿಸುತ್ತದೆ, ಬಳ್ಳಿ ಹೂವಿನ ಚಿತ್ತಾರದಲ್ಲಿ ಹಾಗಾಗದು ಎಂಬುದು ಇದರ ಹಿಂದಿನ ಯುಕ್ತಿ. ವಿಲಿಯಂ ವಯೊನ್ 1837ರಲ್ಲಿ ಮಾಡಿದ ಪದಕದ ಮುಖವನ್ನು ಚಾರ್ಲ್ಸ್ ಹೀತ್ ಮತ್ತು ಮಗ ಫ್ರೆಡರಿಕ್ ಉಕ್ಕಿನ ಮೇಲೆ ಕೊರೆದರು.

ಅಚ್ಚಿನ ಕೆಲಸ ಸಿಕ್ಕಿದ್ದು ಲಂಡನ್ನಿನ ಪರ್ಕಿನ್ಸ್ ಬೇಕನ್ ಕಂಪೆನಿಗೆ. ಅದರ ಮೂಲಪುರುಷ ಜೇಕಬ್ ಪರ್ಕಿನ್ಸ್ ಅಮೆರಿಕದವರು. ಖೋಟಾ ಮಾಡಲಾಗದ ಬ್ಯಾಂಕ್ ನೋಟುಗಳಿಗಾಗಿ ಬುದ್ಧಿ ಸವೆಸಿದವರು. ಅವರ ವಿಧಾನ ಹೀಗೆ: ಮೆದು ಉಕ್ಕಿನ ತುಂಡಿನಲ್ಲಿ ಚಿತ್ರ ಕೊರೆದು, ಕಾಯಿಸಿ ಅದನ್ನು ಗಟ್ಟಿಮಾಡುವುದು. ಅದರ ಮೇಲೆ ಮೆದು ಉಕ್ಕಿನ ಉರುಳೆಯನ್ನು ಭಾರೀ ಒತ್ತಡದಿಂದ ಉರುಳಿಸಿದರೆ ಚಿತ್ರ ಉಬ್ಬಾಗಿ ಮೂಡುತ್ತದೆ. ಈ ಉರುಳೆಯನ್ನೂ ಗಟ್ಟಿಮಾಡಿ, ದೊಡ್ಡ ಫಲಕದ ಮೇಲೆ 240 ಸಲ ಒತ್ತಿದರೆ ಒಂದೇ ಚಿತ್ರದ 240 ತದ್ರೂಪುಗಳು ಸಿದ್ಧ. ಕೈಯಿಂದ ಕೊರೆಯುವ ಕಳ್ಳನಿಗೆ ಆ ಹೋಲಿಕೆ ಸಾಧ್ಯವಿಲ್ಲ. ಮುಖದ ಹಿಂದಿನ ಸೂಕ್ಷ್ಮ ಗೆರೆಗಳನ್ನು ಯಂತ್ರವೇ ಎಳೆದಿತ್ತು. ಕಾಗದದೊಳಗೆ ಪ್ರತಿ ಚೀಟಿಗೂ ಒಂದು ಪುಟ್ಟ ಕಿರೀಟದ ನೀರುಗುರುತು ಬೇರೆ.

ಇದಕ್ಕಿಂತ ಜಾಣತನದ್ದು ಕೆಳಮೂಲೆಗಳ ಅಕ್ಷರಗಳು. ಹಾಳೆಯಲ್ಲಿ 20 ಸಾಲು, ಸಾಲಿಗೆ 12 ಚೀಟಿ. ಒಂದು ಸಾಲಿಗೆ ಒಂದು ಶಿಲ್ಲಿಂಗ್, ಹಾಳೆಗೆ ಒಂದು ಪೌಂಡ್. ಲೆಕ್ಕದ ಮಾಸ್ತರರ ಕೈವಾಡ ಇಲ್ಲೂ ಎದ್ದು ಕಾಣುತ್ತದೆ. ಮೊದಲ ಸಾಲಿನ ಮೊದಲ ಚೀಟಿಯ ಎಡಬಲಗಳಲ್ಲಿ ಎ, ಎ. ಎರಡನೆಯದಕ್ಕೆ ಎ, ಬಿ. ಹೀಗೆ ಸಾಗಿ ಕೊನೆಯ ಚೀಟಿಗೆ ಟಿ, ಎಲ್. ಹಾಳೆಯಲ್ಲಿ ಯಾವ ಜೋಡಿಯೂ ಎರಡು ಸಲ ಬರದು. ಕಳ್ಳನು ಒಂದೇ ಚೀಟಿಯನ್ನು ನಕಲು ಮಾಡಿದರೆ ಅವನ ಮಾಲೆಲ್ಲ ಒಂದೇ ಜೋಡಿ ಅಕ್ಷರ ಹೊತ್ತು ಸಿಕ್ಕಿಬೀಳುತ್ತದೆ. ತಪ್ಪಿಸಿಕೊಳ್ಳಬೇಕಾದರೆ 240 ಬಗೆ ಕೊರೆಯಬೇಕು. ಈ ಅಕ್ಷರಗಳನ್ನು ಫಲಕದ ಮೇಲೆ ಒಂದೊಂದಾಗಿ ಕೈಯಿಂದಲೇ ಬಡಿದು ಮೂಡಿಸುತ್ತಿದ್ದರು.

1840ರ ಮೇ 1ರಂದು ಕಪ್ಪು ಬಣ್ಣದ ಪೆನ್ನಿ ಚೀಟಿ ಮಾರಾಟಕ್ಕೆ ಬಂತು. ಮೇ 6ರಿಂದ ಚಲಾವಣೆ. ಸುತ್ತ ರಂಧ್ರಗಳಿಲ್ಲ, ಕತ್ತರಿಯಿಂದ ಕತ್ತರಿಸಿಕೊಳ್ಳಬೇಕು. ಅದರ ಮೇಲೆ ದೇಶದ ಹೆಸರೂ ಇರಲಿಲ್ಲ. ಬ್ರಿಟನ್ನಿನ ಚೀಟಿಗಳಲ್ಲಿ ಇಂದಿಗೂ ಇಲ್ಲ. ಹಿಲ್ಲರಿಗೆ ಚೀಟಿಗಿಂತ ಹೆಚ್ಚು ಭರವಸೆಯಿದ್ದುದು ಕಲಾವಿದ ಮಲ್‌ರೆಡಿ ಚಿತ್ರಿಸಿದ ಮುಂಗಡದ ಲಕೋಟೆಗಳ ಮೇಲೆ. ಆನೆ, ಒಂಟೆ, ಸಿಂಹಗಳಿಂದ ತುಂಬಿದ ಆ ಚಿತ್ರ ಕಂಡು ಜನ ಬಿದ್ದುಬಿದ್ದು ನಕ್ಕರು. ಲಕೋಟೆಗಳು ರಾಶಿಯಾಗಿ ಉಳಿದು ನಾಶಪಡಿಸಬೇಕಾಯಿತು. ಗೆದ್ದದ್ದು ಅಂಟಿನ ಚೂರು.

ಇನ್ನೊಂದು ತಾಪತ್ರಯ ತಲೆದೋರಿತು. ಬಳಸಿದ ಚೀಟಿಯನ್ನು ಮತ್ತೆ ಬಳಸದಂತೆ ಮಾಲ್ಟಾ ಶಿಲುಬೆಯ ಆಕಾರದ ಕೆಂಪು ಮುದ್ರೆ ಹೊಡೆಯುತ್ತಿದ್ದರಷ್ಟೆ? ಕಪ್ಪಿನ ಮೇಲೆ ಕೆಂಪು ಸರಿಯಾಗಿ ಕಾಣದು; ಸಾಲದ್ದಕ್ಕೆ ಆ ಶಾಯಿಯನ್ನು ಉಜ್ಜಿ ತೊಳೆಯುವ ಉಪಾಯವನ್ನೂ ಜನ ಕಂಡುಹಿಡಿದರು. ಹಿಲ್ಲರು ಹಲವು ಬಗೆಯ ಶಾಯಿಗಳನ್ನು ಪರೀಕ್ಷೆಗೆ ಹಚ್ಚಿದರು. ಕೊನೆಗೆ ಬಣ್ಣಗಳನ್ನು ಅದಲುಬದಲು ಮಾಡಿದರು. 1841ರ ಆರಂಭದಿಂದ ಚೀಟಿ ಕೆಂಗಂದು, ಮುದ್ರೆ ಕಪ್ಪು. ಕಪ್ಪು ಮುದ್ರೆಯನ್ನು ತೊಳೆಯಹೊರಟರೆ ಚೀಟಿಯ ಬಣ್ಣವೇ ಕಿತ್ತುಬರುವ ಶಾಯಿಯದು. ಹೀಗಾಗಿ ಕಪ್ಪು ಪೆನ್ನಿಯ ಆಯುಸ್ಸು ಒಂದು ವರ್ಷಕ್ಕೆ ಮುಗಿಯಿತು. ಅಷ್ಟರಲ್ಲಿ 6 ಕೋಟಿ 80 ಲಕ್ಷಕ್ಕೂ ಹೆಚ್ಚು ಚೀಟಿಗಳು ಅಚ್ಚಾಗಿದ್ದವು.

1839ರಲ್ಲಿ ಸುಮಾರು 7.6 ಕೋಟಿಯಿದ್ದ ಕಾಗದಗಳ ಸಂಖ್ಯೆ 1840ರಲ್ಲಿ ಇಮ್ಮಡಿ ಮೀರಿತು. ಆದರೆ ಹಿಲ್ಲರು ಆಶಿಸಿದಷ್ಟು ಬೇಗ ಉತ್ಪತ್ತಿ ಏರಲಿಲ್ಲ. ಹಳೆಯ ಮಟ್ಟ ಮುಟ್ಟಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ವಿರೋಧಿಗಳಿಗೆ ಅಷ್ಟೇ ಸಾಕಾಯಿತು. ಸರಕಾರ ಬದಲಾಯಿತು, 1842ರಲ್ಲಿ ಹಿಲ್ಲರ ಕೆಲಸ ಹೋಯಿತು. ಹೊಟ್ಟೆಪಾಡಿಗೆ ಅವರು ಲಂಡನ್-ಬ್ರೈಟನ್ ರೈಲು ಕಂಪೆನಿ ಸೇರಿ, ಕಡಮೆ ದರದ ವಿಹಾರದ ಗಾಡಿಗಳನ್ನು ಓಡಿಸಿದರು. ಜನ ಮಾತ್ರ ಮರೆಯಲಿಲ್ಲ. ವಂತಿಗೆ ಎತ್ತಿ 13,000 ಪೌಂಡುಗಳ ಕಾಣಿಕೆ ಒಪ್ಪಿಸಿದರು. 1846ರಲ್ಲಿ ಅಂಚೆಗೆ ಮರುಪ್ರವೇಶ. 1854ರಲ್ಲಿ ಇಲಾಖೆಯ ಕಾರ್ಯದರ್ಶಿ ಪದವಿ. ಅದೇ ವರ್ಷ ಹೆನ್ರಿ ಆರ್ಚರ್ ಕಂಡುಹಿಡಿದ ರಂಧ್ರ ಕೊರೆಯುವ ಯಂತ್ರದಿಂದ ಕತ್ತರಿಯ ಕಾಟ ತಪ್ಪಿತು. ಲಂಡನ್ನನ್ನು ಅಂಚೆ ವಿಭಾಗಗಳಾಗಿ ಹಂಚಿದ್ದೂ ಹಿಲ್ಲರ ಕಾಲದಲ್ಲೇ. ಅಣ್ಣ ಎಡ್ವಿನ್ ಲಕೋಟೆ ಮಡಚುವ ಯಂತ್ರ ರಚಿಸಿದರೆ, ಮಗ ಪಿಯರ್‌ಸನ್ ಮುದ್ರೆ ಹೊಡೆಯುವ ಯಂತ್ರ ರಚಿಸಿದರು.

ಹಿಲ್ಲರು ಸುಲಭದ ಮನುಷ್ಯರಲ್ಲ. ತಮ್ಮದೇ ಸರಿ ಎಂಬ ಹಟ ಬಹಳ. ಅವರ ಕೈಕೆಳಗೆ ದುಡಿದ ಕಾದಂಬರಿಕಾರ ಟ್ರೊಲಪ್‌ಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಸ್ಕಾಟ್ಲೆಂಡಿನ ಡಂಡಿಯ ಪುಸ್ತಕ ವ್ಯಾಪಾರಿ ಜೇಮ್ಸ್ ಚಾಮರ್ಸ್ ಕೂಡ ಅಂಟುಚೀಟಿಯ ಯೋಜನೆಯನ್ನು 1838ರಲ್ಲಿ ಬರೆದು ಕಳುಹಿಸಿದ್ದರು. ಮೊದಲಿಗರು ಯಾರೆಂದು ಇಬ್ಬರ ಮಕ್ಕಳೂ ಮುಂದೆ ಕಾದಾಡಿದರು. ಬರವಣಿಗೆಯ ದಾಖಲೆ ನೋಡಿದರೆ ಹಿಲ್ಲರದೇ ಒಂದು ವರ್ಷ ಮುಂಚಿನದು.

ನಮ್ಮ ದೇಶಕ್ಕೂ ಈ ಏರ್ಪಾಟು ಬರಲು ತಡವಾಗಲಿಲ್ಲ. 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಬಾರ್ಟಲ್ ಫ್ರೇರ್ ಚೀಟಿಗಳನ್ನು ಹೊರಡಿಸಿದರು. 1854ರ ಅಕ್ಟೋಬರಿನಿಂದ ಕಾಲು ತೊಲ ತೂಕದ ಕಾಗದಕ್ಕೆ, ದೂರವೆಷ್ಟಾದರೂ, ದೇಶಾದ್ಯಂತ ಅರ್ಧಾಣೆ. ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಈ ಕಡಲತಡಿಯಿಂದ ಪಕ್ಕದ ಮಂಗಳೂರಿಗೂ ಅಷ್ಟೇ, ದೂರದ ಕಲಕತ್ತೆಗೂ ಅಷ್ಟೇ. ಮಾತು ಒಂದು ಕಡೆ, ಮನೆ ಒಂದು ಕಡೆ ಎಂದು ಬದುಕುವವರಿಗೆ ಇದರ ಬೆಲೆ ಗೊತ್ತು.

1860ರಲ್ಲಿ ಸರ್ ಪದವಿ ಪಡೆದ ಹಿಲ್ಲರು 1864ರಲ್ಲಿ ನಿವೃತ್ತರಾದರು. ಪಾರ್ಲಿಮೆಂಟು 20,000 ಪೌಂಡುಗಳನ್ನಿತ್ತು ಗೌರವಿಸಿತು. 1879ರ ಆಗಸ್ಟ್ 27ರಂದು ತೀರಿಕೊಂಡ ಅವರನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣುಮಾಡಿದರು. ಮೂಲೆಯ ಜೋಡಿ ಅಕ್ಷರಗಳು ಎಂದೋ ಮರೆಯಾದವು. ಆದರೆ ಬಳಸಿದ ಚೀಟಿಯನ್ನು ತೊಳೆದು ಮತ್ತೆ ಅಂಟಿಸುವವರೂ ಕಳ್ಳಚೀಟಿಯವರೂ ಇನ್ನೂ ಮುಗಿದಿಲ್ಲವೆಂದು ತೋರುತ್ತದೆ: 2023ರಿಂದ ಬ್ರಿಟನ್ನಿನ ಸಾಮಾನ್ಯ ಅಂಚೆಚೀಟಿಗಳ ಪಕ್ಕದಲ್ಲಿ ಬಾರ್‌ಕೋಡ್ ಇರಲೇಬೇಕು, ಚೀಟಿಗೊಂದರಂತೆ ಅದೂ ಬೇರೆಬೇರೆ.