ಲೂಯಿ ಪಾಶ್ಚರ್ ಮತ್ತು ಎರಡು ಆಡುಗಳು

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಭಾಗದ ಎಷ್ಟೋ ಮನೆಗಳಿಗೆ ಹಿತ್ತಲಿನಲ್ಲಿ ಕಟ್ಟಿದ ಎರಡು ಮೂರು ಆಡುಗಳೇ ಬ್ಯಾಂಕು. ನಮ್ಮ ಕಥೋಲಿಕ ಕುಟುಂಬಗಳೂ ಇದಕ್ಕೆ ಹೊರತಲ್ಲ. ಮಕ್ಕಳ ಶಾಲೆಯ ಶುಲ್ಕವಿರಲಿ, ಹೆರಿಗೆಯ ಖರ್ಚಿರಲಿ, ಕ್ರಿಸ್ಮಸ್ ಹಬ್ಬದ ಬಟ್ಟೆಯಿರಲಿ, ಒಂದು ಹೋತವನ್ನು ಸಂತೆಗೆ ಹೊಡೆದುಕೊಂಡು ಹೋದರೆ ದಾರಿ ಕಾಣುತ್ತದೆ. ಆದರೆ ಈ ಬ್ಯಾಂಕು ಒಂದೇ ವಾರದಲ್ಲಿ ದಿವಾಳಿಯಾಗಬಲ್ಲದು. ಆಡುಗಳಿಗೂ ಲಸಿಕೆ ಇದೆಯೆಂದು ತಿಳಿದವರು ಕೂಡ, ಆಡು ಚೆನ್ನಾಗಿ ಮೇಯುತ್ತಿರುವಾಗ ಅದಕ್ಕೆ ಸೂಜಿ ಚುಚ್ಚಿಸುವುದೇಕೆಂದು ಸುಮ್ಮನಿರುತ್ತಾರೆ. ರೋಗ ಬಂದಾಗ ಅದು ಎಲ್ಲಿಂದಲೋ ತಾನಾಗಿ ಬಂತೆಂದು ಕೈಚೆಲ್ಲುತ್ತಾರೆ. ರೋಗ ತಾನಾಗಿ ಬರುವುದಿಲ್ಲ ಎಂಬ ಒಂದೇ ಮಾತನ್ನು ಸಿದ್ಧಮಾಡಿ ತೋರಿಸಲು ತನ್ನ ಆಯುಷ್ಯವನ್ನು ಸವೆಸಿದ ಒಬ್ಬ ಮಹನೀಯರ ಬದುಕನ್ನು ಈ ವಾರ ನೆನೆಯೋಣ.

ಲೂಯಿ ಪಾಶ್ಚರ್ 1822ರ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ಪೂರ್ವಭಾಗದ ದೋಲ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ ಮೇಲೆ ಚರ್ಮ ಹದಮಾಡುವ ವೃತ್ತಿ ಹಿಡಿದವರು. ಹೀಗಾಗಿ ಹಸಿಚರ್ಮದ ವಾಸನೆ ಬಾಲಕನಿಗೆ ಹುಟ್ಟಿನಿಂದಲೇ ಪರಿಚಿತವಾಗಿತ್ತು. ಬಣ್ಣದ ಸೀಮೆಸುಣ್ಣದಿಂದ ತಂದೆತಾಯಿಯರ ಚಿತ್ರಗಳನ್ನು ಬರೆಯುತ್ತಿದ್ದ ಆ ಹುಡುಗ ಚಿತ್ರಕಾರನಾಗಬಹುದಿತ್ತು. ಆದರೆ ಪ್ಯಾರಿಸ್ಸಿಗೆ ಹೋಗಿ ರಸಾಯನಶಾಸ್ತ್ರವನ್ನು ಆರಿಸಿಕೊಂಡನು. 1849ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮೇರಿ ಲೊರಾಂ ಎಂಬವರನ್ನು ವಿವಾಹವಾದರು. ಪತಿಯ ಟಿಪ್ಪಣಿಗಳನ್ನು ರಾತ್ರಿ ಕುಳಿತು ಬರೆದುಕೊಳ್ಳುತ್ತಿದ್ದ ಈ ಸಾಧ್ವಿಯ ಸಹಾಯವಿಲ್ಲದೆ ಪಾಶ್ಚರರ ಕೆಲಸ ಅಷ್ಟು ದೂರ ಸಾಗುತ್ತಿರಲಿಲ್ಲ.

ಆ ದಂಪತಿಗಳಿಗೆ ಐವರು ಮಕ್ಕಳು. ಅವರಲ್ಲಿ ಮೂವರು ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. 1859ರಲ್ಲಿ ಒಂಬತ್ತು ವರ್ಷದ ಹಿರಿಯಳು ವಿಷಮಶೀತ ಜ್ವರಕ್ಕೆ ಬಲಿಯಾದಳು. 1865ರಲ್ಲಿ ಎರಡು ವರ್ಷದ ಕಿರಿಯಳು ಹೋದಳು. ಮರುವರ್ಷವೇ ಹನ್ನೆರಡರ ಸೆಸಿಲ್‌ಳನ್ನು ಮತ್ತೆ ಅದೇ ವಿಷಮಶೀತ ಜ್ವರ ಕೊಂಡೊಯ್ದಿತು. 1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಅವರ ದೇಹದ ಎಡಭಾಗ ದುರ್ಬಲವಾಯಿತು. ಅವರಿಗಾಗ ನಲವತ್ತೈದು ವರ್ಷ. ಮುಂದೆ ನಾವು ಹೇಳಲಿರುವುದರಲ್ಲಿ ಹೆಚ್ಚಿನದು ಆ ಅರ್ಧ ಸ್ವಾಧೀನ ತಪ್ಪಿದ ದೇಹದಿಂದಲೇ ನಡೆದ ಕೆಲಸ.

ಅದಕ್ಕೂ ಮೊದಲು ಒಂದು ದೊಡ್ಡ ವಾದ ನಡೆದಿತ್ತು. ಜೀವಿಗಳು ಜಡವಸ್ತುವಿನಿಂದ ತಾವಾಗಿ ಹುಟ್ಟಬಲ್ಲವೇ ಎಂಬುದೇ ಆ ವಾದ. ಕೆಸರಿನಿಂದ ಹಾವುಮೀನು ಹುಟ್ಟುತ್ತದೆಂದು ಅರಿಸ್ಟಾಟಲನು ನಂಬಿದ್ದನು. ಕೊಳೆತ ವಸ್ತುವಿನಿಂದ ಕೀಳು ಜೀವಿಗಳು ಹುಟ್ಟುವುದನ್ನು ಸಂತ ಥಾಮಸ್ ಅಕ್ವಿನಾಸರೂ ಒಪ್ಪಿದ್ದರು. ಆದ್ದರಿಂದ ಇದನ್ನು ವಿಶ್ವಾಸಕ್ಕೂ ನಾಸ್ತಿಕತೆಗೂ ನಡೆದ ಯುದ್ಧವೆಂದು ಕೆಲವರು ಬಣ್ಣಿಸುವುದು ಸರಿಯಲ್ಲ. ಪಾಶ್ಚರರ ಎದುರಾಳಿ ಪೂಶೆ ಕೂಡ ದೇವರನ್ನು ನಂಬಿದವರೇ. ಪಾಶ್ಚರರು ಮಾಡಿದ್ದಿಷ್ಟೆ: ಹಂಸದ ಕೊರಳಿನಂತೆ ಬಾಗಿದ ಕೊಳವೆಯುಳ್ಳ ಗಾಜಿನ ಕುಪ್ಪಿಯಲ್ಲಿ ಸಾರನ್ನು ಕುದಿಸಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಆದರೆ ಧೂಳು ಕೊಳವೆಯ ಬಾಗಿನಲ್ಲೇ ನಿಲ್ಲುತ್ತಿತ್ತು. ಸಾರು ಕೆಡಲಿಲ್ಲ. ಕೊಳವೆಯನ್ನು ಮುರಿದಾಗ ಕೆಲವೇ ದಿನಗಳಲ್ಲಿ ಕೆಟ್ಟಿತು. ಸೂಕ್ಷ್ಮಜೀವಿಗೂ ತಂದೆತಾಯಿಗಳಿದ್ದಾರೆ ಎಂಬುದು ಇದರ ಅರ್ಥ. ರೋಗವೂ ಹಾಗೆಯೇ ಎಲ್ಲಿಂದಲೋ ಬರುವುದಾದರೆ, ಬರುವ ದಾರಿಯಲ್ಲಿ ಅದನ್ನು ತಡೆಯಲೂ ಸಾಧ್ಯ. ನನ್ನ ದೃಷ್ಟಿಯಲ್ಲಿ ಪಾಶ್ಚರರ ಉಳಿದ ಜೀವನವೆಲ್ಲ ಈ ತರ್ಕದ ವಿಸ್ತರಣೆಯೇ ಆಗಿದೆ.

1865ರಿಂದ ಐದು ವರ್ಷ ಅವರು ರೇಷ್ಮೆಹುಳುವಿನ ರೋಗದ ಬೆನ್ನುಹತ್ತಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಎಸೆಯುವ ಪದ್ಧತಿ ಅವರದು. ರಾಮನಗರ, ಕೋಲಾರ ಕಡೆಯ ನಮ್ಮ ರೈತರು ಇಂದಿಗೂ ಕೊಳ್ಳುವ ರೋಗರಹಿತ ಮೊಟ್ಟೆಗಳ ಹಿಂದೆ ಇರುವುದು ಅದೇ ಪದ್ಧತಿ.

ಇನ್ನು ಆಡು ಕುರಿಗಳ ವಿಷಯ. ಫ್ರಾನ್ಸಿನ ಶಾರ್ತ್ರ ಪ್ರಾಂತ್ಯದ ಕೆಲವು ಹುಲ್ಲುಗಾವಲುಗಳಿಗೆ ಶಾಪಗ್ರಸ್ತ ಹೊಲಗಳೆಂದೇ ಹೆಸರಿತ್ತು. ಅಲ್ಲಿ ಮೇಯ್ದ ಕುರಿಗಳು ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಬಿದ್ದು ಸಾಯುತ್ತಿದ್ದವು. ರಕ್ತ ಇದ್ದಿಲಿನಂತೆ ಕಪ್ಪಾಗಿರುತ್ತಿತ್ತು. ನಾವು ನೆರಡಿ ರೋಗ ಎನ್ನುವ ಆಂಥ್ರಾಕ್ಸ್ ಅದು. ಇದರ ರೋಗಾಣು ಬೀಜಕಣಗಳಾಗಿ ಮಾರ್ಪಟ್ಟು ಬದುಕುಳಿಯುತ್ತದೆಂದು ಜರ್ಮನಿಯ ರಾಬರ್ಟ್ ಕಾಕ್ 1876ರಲ್ಲಿ ತೋರಿಸಿದ್ದರು. ಹೂತ ಹೆಣದಿಂದ ಅದು ಮೇಲೆ ಬರುವುದು ಹೇಗೆ ಎಂಬುದು ಉಳಿದ ಪ್ರಶ್ನೆ. ಒಂದು ಹೊಲದಲ್ಲಿ ಮಣ್ಣಿನ ಬಣ್ಣ ಒಂದೆಡೆ ಬೇರೆಯಾಗಿರುವುದನ್ನು ಪಾಶ್ಚರರು ಗಮನಿಸಿದರು. ಹಿಂದಿನ ವರ್ಷ ಅಲ್ಲಿ ಸತ್ತ ಕುರಿಗಳನ್ನು ಹೂಳಲಾಗಿತ್ತು. ಎರೆಹುಳುಗಳು ಹೊರಹಾಕಿದ ಮಣ್ಣಿನ ಉಂಡೆಗಳು ಅಲ್ಲಿ ಹರಡಿದ್ದವು. ಆ ಮಣ್ಣಿನಲ್ಲಿ ಬೀಜಕಣಗಳಿದ್ದವು.

ಇನ್ನೊಂದು ಸಂಗತಿ ನಮ್ಮ ಪ್ರದೇಶಕ್ಕೆ ಹತ್ತಿರದ್ದು. ಬೀಜಕಣ ಬೆರೆಸಿದ ಮೃದುವಾದ ಮೇವು ತಿಂದ ಕುರಿಗಳಿಗಿಂತ, ಮುಳ್ಳುಗಿಡ ಬೆರೆತ ಮೇವು ತಿಂದವು ಹೆಚ್ಚಾಗಿ ಸತ್ತವು. ಮುಳ್ಳು ಬಾಯಿಯಲ್ಲಿ ಮಾಡುವ ಸಣ್ಣ ಗಾಯವೇ ರೋಗದ ಬಾಗಿಲು. ಹಂಪಿಯ ಬಂಡೆಗಳ ನಡುವೆ, ಸಂಡೂರಿನ ಗುಡ್ಡಗಳ ತಪ್ಪಲಿನಲ್ಲಿ, ಬೇಸಿಗೆಯ ಕೊನೆಯಲ್ಲಿ ಹುಲ್ಲು ಮುಗಿದು ಜಾಲಿಮುಳ್ಳು ಮಾತ್ರ ಉಳಿದಾಗ ನಮ್ಮ ಆಡುಗಳು ಮಣ್ಣಿಗೆ ಮೂತಿ ತಾಗಿಸಿ ಮೇಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಲಸಿಕೆಯ ದಾರಿ ತೆರೆದದ್ದು ಕೋಳಿಗಳಿಂದ. 1879-80ರಲ್ಲಿ ಕೋಳಿಗಳ ಕಾಲರಾ ರೋಗವನ್ನು ಪರೀಕ್ಷಿಸುತ್ತಿದ್ದಾಗ, ಬಹುಕಾಲ ಇಟ್ಟು ಹಳತಾದ ರೋಗಾಣು ಕೋಳಿಗಳನ್ನು ಕೊಲ್ಲದೆ, ಮುಂದೆ ಹೊಸ ರೋಗಾಣುವಿನಿಂದ ಅವುಗಳನ್ನು ಕಾಪಾಡುತ್ತದೆಂದು ತಿಳಿದುಬಂತು. ನೆರಡಿಯ ರೋಗಾಣುವನ್ನು 42ರಿಂದ 43 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳೆಸಿದರೆ ಅದು ಬೀಜಕಣ ಕಟ್ಟದೆ ದಿನೇ ದಿನೇ ದುರ್ಬಲವಾಗುತ್ತದೆಂದು ಪಾಶ್ಚರರು 1881ರಲ್ಲಿ ಪ್ರಕಟಿಸಿದರು. ಮೆಲಾಂ ಪಟ್ಟಣದ ಕೃಷಿ ಸಂಘವು ಇದನ್ನು ಎಲ್ಲರೆದುರು ಸಾಬೀತುಪಡಿಸುವಂತೆ ಆಹ್ವಾನಿಸಿತು. ಇದಕ್ಕೆ ಮುಂದಾದ ಪಶುವೈದ್ಯ ರೊಸಿನ್ಯೋಲ್ ಅವರಿಗೆ ರೋಗಾಣುಗಳ ಮಾತಿನಲ್ಲಿ ನಂಬಿಕೆಯಿರಲಿಲ್ಲ.

ಪೂಯಿ-ಲ-ಫೋರ್ ಎಂಬ ಹಳ್ಳಿಯ ಹೊಲ. ಒಂದು ಕಡೆ 24 ಕುರಿ, 1 ಆಡು, 6 ದನಗಳು, ಇವಕ್ಕೆ ಲಸಿಕೆ. ಇನ್ನೊಂದು ಕಡೆ 24 ಕುರಿ, 1 ಆಡು, 4 ದನಗಳು, ಇವಕ್ಕಿಲ್ಲ. ಮೇ 5ರಂದು ಮೊದಲ ಲಸಿಕೆ, ಮೇ 17ರಂದು ಎರಡನೆಯದು. ಮೇ 31ರಂದು ಎರಡೂ ಗುಂಪಿಗೆ ತೀವ್ರವಾದ ರೋಗಾಣುವನ್ನು ಚುಚ್ಚಲಾಯಿತು. ಮರುದಿನ ಲಸಿಕೆ ಪಡೆದ ಕೆಲವು ಕುರಿಗಳಿಗೆ ಜ್ವರ ಬಂದಿದೆಯೆಂದು ಕೇಳಿ ಪಾಶ್ಚರರು ಧೃತಿಗೆಟ್ಟು ಸಹಾಯಕ ರೂ ಅವರ ಮೇಲೆ ಹರಿಹಾಯ್ದರಂತೆ. ಜೂನ್ 2ರ ಮಧ್ಯಾಹ್ನ ಜನ ನೆರೆದಾಗ, ಲಸಿಕೆಯಿಲ್ಲದ ಕುರಿಗಳಲ್ಲಿ 21 ಹಾಗೂ ಆ ಗುಂಪಿನ ಆಡು ಸಾಲಾಗಿ ಸತ್ತುಬಿದ್ದಿದ್ದವು. ಎರಡು ಕುರಿಗಳು ನೋಡನೋಡುತ್ತಲೇ ಪ್ರಾಣ ಬಿಟ್ಟವು, ಕೊನೆಯದು ಸಂಜೆಗೆ ಹೋಯಿತು. ಲಸಿಕೆ ಪಡೆದ ಆಡು ಬೇಲಿಯಾಚೆ ಜೀವಂತವಾಗಿತ್ತು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಲೇಬೇಕು. ಅಂದು ಬಳಸಿದ್ದು ಪಾಶ್ಚರರು ಪ್ರಕಟಿಸಿದ್ದ ವಿಧಾನದ ಲಸಿಕೆಯಲ್ಲ; ಸಹಾಯಕ ಶಾಂಬರ್ಲಾಂ ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ರಾಸಾಯನಿಕದಿಂದ ಸಿದ್ಧಪಡಿಸಿದ್ದು. ಪಾಶ್ಚರರು ಇದನ್ನು ಬಹಿರಂಗವಾಗಿ ಹೇಳಲಿಲ್ಲ. ತೂಲೂಸಿನ ಪಶುವೈದ್ಯ ತೂಸ್ಸಾಂ ಅವರು 1880ರಲ್ಲೇ ನೆರಡಿಗೆ ಲಸಿಕೆಯನ್ನು ಪ್ರಕಟಿಸಿದ್ದರು; ಅವರ ಪ್ರಯತ್ನಕ್ಕೆ ಸಲ್ಲಬೇಕಾದ ಗೌರವ ಸಲ್ಲದೆ, 1890ರಲ್ಲಿ ನಲವತ್ಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪಾಶ್ಚರರ ಟಿಪ್ಪಣಿ ಪುಸ್ತಕಗಳನ್ನು ಮೊಮ್ಮಗ 1964ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟ ಬಳಿಕ ವಿದ್ವಾಂಸರು ಇದನ್ನು ವಿವರವಾಗಿ ಬಯಲಿಗೆ ತಂದರು. ಮಹಾಪುರುಷರ ಜೀವನವನ್ನು ಬರೆಯುವವರು ಇಂಥದ್ದನ್ನು ಮುಚ್ಚಿಡುವುದು ನನಗೆ ಸರಿಕಾಣದು. ಹಾಗೆಯೇ, ರೈಲಿನಲ್ಲಿ ಜಪಸರ ಹಿಡಿದು ಕುಳಿತ ಮುದುಕನನ್ನು ಯುವಕನೊಬ್ಬ ಹೀಯಾಳಿಸಿ, ಆಮೇಲೆ ಅವರು ಪಾಶ್ಚರರೆಂದು ತಿಳಿದು ನಾಚಿದನೆಂಬ ಕಥೆಯನ್ನು ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಹೇಳುವುದುಂಟು. ಅದಕ್ಕೆ ದೃಢವಾದ ಆಧಾರವಿಲ್ಲ. ಅದನ್ನು ಬಿಟ್ಟರೆ ಅವರ ಬದುಕು ಬಡವಾಗುವುದೂ ಇಲ್ಲ.

ಮುಂದಿನ ಹನ್ನೆರಡು ವರ್ಷಗಳಲ್ಲಿ ಫ್ರಾನ್ಸಿನ ಮೂವತ್ತು ಲಕ್ಷಕ್ಕೂ ಹೆಚ್ಚು ಕುರಿಗಳಿಗೆ ಲಸಿಕೆ ಹಾಕಲಾಯಿತು. ಹತ್ತಕ್ಕೆ ಒಂದರಂತೆ ಸಾಯುತ್ತಿದ್ದ ಕುರಿಗಳ ಪ್ರಮಾಣ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಇಂದು ನೆರಡಿಗೆ ಬಳಸುವುದು ದಕ್ಷಿಣ ಆಫ್ರಿಕಾದಲ್ಲಿ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಸಿದ್ಧಪಡಿಸಿದ ತಳಿಯ ಲಸಿಕೆ. ಆಡುಗಳಲ್ಲಿ ಇದರಿಂದ ಕೆಲವೊಮ್ಮೆ ಬಾವು ಬರುವುದುಂಟು. ಆದುದರಿಂದ ರೋಗ ಕಂಡ ಊರುಗಳಲ್ಲಿ ಮಾತ್ರ, ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು.

ನಮ್ಮ ಆಡುಗಳಿಗೆ ಹೆಚ್ಚು ಅಪಾಯ ತರುವವು ಬೇರೆ ಎರಡು. ಮೊದಲನೆಯದು ಪಿಪಿಆರ್, ನಮ್ಮವರ ಮಾತಿನಲ್ಲಿ ಹಿರೇಬೇನೆ. ಜ್ವರ, ಕಣ್ಣು ಮೂಗುಗಳಲ್ಲಿ ಸೋರಿಕೆ, ಬಾಯಿಹುಣ್ಣು, ಭೇದಿ, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಇದರ ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕಿಸಿದರೆ ಮೂರು ವರ್ಷ ರಕ್ಷಣೆ ದೊರೆಯುತ್ತದೆ. ಎರಡನೆಯದು ಕರುಳುಬೇನೆ. ಮೊದಲ ಮಳೆಯ ಎಳೆಹುಲ್ಲನ್ನೋ, ಕಂಪ್ಲಿಯ ಗದ್ದೆಗಳಲ್ಲಿ ಕೊಯ್ಲಿನ ನಂತರ ಉದುರಿದ ಕಾಳನ್ನೋ ಹೊಟ್ಟೆಬಿರಿಯ ತಿಂದಾಗ ಕರುಳಿನಲ್ಲಿಯೇ ಇರುವ ರೋಗಾಣು ಹೆಚ್ಚಿ ವಿಷ ಕಾರುತ್ತದೆ. ಎಲ್ಲಕ್ಕಿಂತ ದಷ್ಟಪುಷ್ಟವಾದ ಮರಿಯೇ ಮೊದಲು ಸಾಯುವುದರಿಂದ ಜನ ಇದನ್ನು ದೃಷ್ಟಿ ತಾಗಿತೆಂದು ತಿಳಿಯುತ್ತಾರೆ. ಇದಕ್ಕೆ ಪ್ರತಿವರ್ಷ ಮುಂಗಾರಿಗೆ ಮುನ್ನ ಲಸಿಕೆ ಬೇಕು. ಮೊದಲ ಸಲವಾದರೆ ಎರಡು ಮೂರು ವಾರಗಳ ನಂತರ ಇನ್ನೊಂದು. ಜಂತುಹುಳುವಿನ ಔಷಧಿಯನ್ನು ಲಸಿಕೆಗೆ ಎರಡು ವಾರ ಮುಂಚೆ ಕುಡಿಸಿರಬೇಕು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ಈ ಲಸಿಕೆಗಳು ತಯಾರಾಗುತ್ತವೆ.

ಪಾಶ್ಚರರು ರೋಗಾಣುವನ್ನು ದುರ್ಬಲಗೊಳಿಸಿದ ಶಾಖ ನಮ್ಮ ಹೊಸಪೇಟೆಯ ಕಡುಬೇಸಿಗೆಗಿಂತ ಬಹಳ ದೂರವೇನಿಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡದೆ, ಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ತಂದರೆ ಆಡಿಗೆ ಚುಚ್ಚುವುದು ಬರಿಯ ನೀರು. ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದೆ ಬಂದವರಿಂದ ಹಾಕಿಸಬೇಡಿರಿ. ಸಂತೆಯಿಂದ ತಂದ ಹೊಸ ಆಡನ್ನು ಮೂರು ವಾರ ಬೇರೆಯೇ ಕಟ್ಟಿರಿ. ಹಿರೇಬೇನೆ ಊರಿಂದೂರಿಗೆ ನಡೆದು ಬರುವುದು ಸಂತೆಯ ದಾರಿಯಲ್ಲೇ. ಕೊಟ್ಟಿಗೆಯ ನೆಲ ಒಣಗಿರಲಿ, ಗಾಳಿಯಾಡಲಿ.

ಚೆನ್ನಾಗಿದ್ದ ಆಡು ಹಠಾತ್ತನೆ ಸತ್ತು ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದರೆ ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸವನ್ನು ನೆರೆಯವರಿಗೆ ಹಂಚಬಾರದು. ನಷ್ಟವನ್ನು ಸ್ವಲ್ಪವಾದರೂ ತುಂಬಿಕೊಳ್ಳುವ ಆಸೆ ಬಡವನಿಗೆ ಸಹಜವೇ. ಆದರೆ ನೆರಡಿ ಮನುಷ್ಯನಿಗೆ ಬರುವುದು ಹೆಚ್ಚಾಗಿ ಆ ಕತ್ತಿಯ ಮೂಲಕವೇ. ಹೆಣವನ್ನು ಕೊಯ್ದರೆ ಗಾಳಿ ತಾಗಿ ರೋಗಾಣು ಬೀಜಕಣವಾಗುತ್ತದೆ, ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ. ಅವರು ಹೇಳಿದಂತೆ ಸುಡಿರಿ, ಇಲ್ಲವೇ ಮೇವಿನ ಜಾಗದಿಂದ ದೂರ ಆರಡಿಗೂ ಆಳದಲ್ಲಿ ಹೂಳಿರಿ.

ಪಾಶ್ಚರರ ಕೊನೆಯ ದೊಡ್ಡ ಕೆಲಸ ಎಲ್ಲರಿಗೂ ತಿಳಿದದ್ದೇ. 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಚಿಕಿತ್ಸೆ ಆರಂಭವಾಯಿತು, ಬಾಲಕ ಬದುಕಿದನು. ಅವರ ಹೆಸರಿನ ಸಂಸ್ಥೆ 1888ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆಯಿತು. ನೀಲಗಿರಿಯ ಕೂನೂರಿನಲ್ಲಿಯೂ 1907ರಲ್ಲಿ ಅವರ ಹೆಸರಿನ ಸಂಸ್ಥೆಯೊಂದು ಆರಂಭವಾಯಿತು.

1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ಸಿನ ಹೊರವಲಯದಲ್ಲಿ ಪಾಶ್ಚರರು ನಿಧನ ಹೊಂದಿದರು. ನೋತ್ರ್ ದಾಮ್ ಮಹಾದೇವಾಲಯದಲ್ಲಿ ಅಂತ್ಯಕ್ರಿಯೆಯ ಪೂಜೆ ನಡೆಯಿತು. ಮರುವರ್ಷ ಅವರ ಪಾರ್ಥಿವ ಶರೀರವನ್ನು ಪಾಶ್ಚರ್ ಸಂಸ್ಥೆಯ ನೆಲಮಾಳಿಗೆಯ ಸಮಾಧಿಗೆ ತರಲಾಯಿತು. ಅದರ ಗುಮ್ಮಟದಲ್ಲಿ ನಾಲ್ವರು ದೇವದೂತರು: ವಿಶ್ವಾಸ, ಭರವಸೆ, ಪ್ರೀತಿ, ವಿಜ್ಞಾನ. ಕೆಳಗೆ ಸುತ್ತಲೂ ಬಣ್ಣದ ಹರಳುಗಳಲ್ಲಿ ಕುರಿ, ಕೋಳಿ, ದ್ರಾಕ್ಷಿಬಳ್ಳಿ, ಹಿಪ್ಪುನೇರಳೆಗಳ ಚಿತ್ರಗಳಿವೆ. 1910ರಲ್ಲಿ ತೀರಿಕೊಂಡ ಪತ್ನಿ ಮೇರಿಯವರನ್ನೂ ಅಲ್ಲಿಯೇ ಸಮಾಧಿ ಮಾಡಲಾಗಿದೆ.