ಚಿಟ್ಟೆಗಳಿಗೆ ಹೆಸರಿಟ್ಟ ಲಿನೇಯಸ್

ವಸ್ತುವಿನ ಲಕ್ಷಣವನ್ನು ನಿರ್ಣಯಿಸಿ, ಆ ಲಕ್ಷಣಕ್ಕೆ ತಕ್ಕಂತೆ ಅದನ್ನು ಒಂದು ವರ್ಗದಲ್ಲಿ ಸೇರಿಸಿ, ಅದಕ್ಕೊಂದು ಹೆಸರನ್ನು ಕಲ್ಪಿಸುವುದು ಎಲ್ಲ ಶಾಸ್ತ್ರಗಳ ಮೊದಲ ಕೆಲಸ. ವ್ಯಾಕರಣವೇ ಆಗಲಿ, ತರ್ಕವೇ ಆಗಲಿ, ಅಲಂಕಾರವೇ ಆಗಲಿ ಇಲ್ಲಿಂದಲೇ ಹೊರಡುತ್ತದೆ. ಅಮರಸಿಂಹನು ತನ್ನ ಕೋಶದಲ್ಲಿ ಜಗತ್ತಿನ ಪದಾರ್ಥಗಳನ್ನು ವರ್ಗವರ್ಗವಾಗಿ ಜೋಡಿಸಿದ್ದನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದ ನನ್ನಂಥವನಿಗೆ, ಸ್ವೀಡನ್ ದೇಶದ ಕಾರ್ಲ್ ಲಿನೇಯಸನ ಚರಿತ್ರೆಯನ್ನು ಓದಿದಾಗ ಪರಿಚಿತರ ಮನೆಯೊಳಕ್ಕೆ ಕಾಲಿಟ್ಟಂತಾಯಿತು. ಆದರೆ ಒಂದು ಭೇದವುಂಟು. ಅಮರನ ಉದ್ದೇಶ ಒಂದು ವಸ್ತುವಿಗಿರುವ ಹಲವು ಹೆಸರುಗಳನ್ನು ಸಂಗ್ರಹಿಸುವುದು. ಲಿನೇಯಸನ ಉದ್ದೇಶ ಒಂದು ವಸ್ತುವಿಗೆ ಲೋಕದಲ್ಲೆಲ್ಲ ಒಂದೇ ಹೆಸರು ನಿಲ್ಲುವಂತೆ ಮಾಡುವುದು. ಕೋಶದಲ್ಲಿ ಪತಂಗ, ಶಲಭ ಎಂಬ ಎರಡು ಮಾತುಗಳಲ್ಲಿ ಮುಗಿದುಹೋಗುವ ಕುಲದಲ್ಲಿ ಈತನು ನೂರಾರು ಭೇದಗಳನ್ನು ಕಂಡು ಒಂದೊಂದಕ್ಕೂ ನಾಮಕರಣ ಮಾಡಿದನು. ಆ ಕಾರ್ಯದಲ್ಲಿ ಆತನು ಗೆದ್ದ ಕಡೆಗಳನ್ನೂ ಎಡವಿದ ಕಡೆಗಳನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇನೆ.

ಸ್ವೀಡನ್ನಿನ ದಕ್ಷಿಣಭಾಗದ ಸ್ಮೋಲಾಂಡ್ ಪ್ರಾಂತದ ರೋಷುಲ್ಟ್ ಎಂಬ ಹಳ್ಳಿಯಲ್ಲಿ ೧೭೦೭ನೆಯ ಇಸವಿ ಮೇ ೨೩ರಂದು ಲಿನೇಯಸನು ಜನಿಸಿದನು. ತಂದೆ ನಿಲ್ಸ್ ಎಂಬಾತನು ಇಗರ್ಜಿಯ ಪಾದ್ರಿ, ತೋಟಗಾರಿಕೆಯಲ್ಲಿ ಆಸಕ್ತನಾದವನು. ಆ ನಾಡಿನ ಸಾಮಾನ್ಯ ಜನರಿಗೆ ಆಗ ಮನೆತನದ ಹೆಸರೆಂಬುದಿರಲಿಲ್ಲ. ಇಂಥವನ ಮಗ ಇಂಥವನು ಎಂದರೆ ಸಾಕಾಗುತ್ತಿತ್ತು. ನಿಲ್ಸನು ವಿಶ್ವವಿದ್ಯಾಲಯಕ್ಕೆ ಸೇರುವಾಗ ಮನೆತನದ ಹೆಸರೊಂದು ಬೇಕಾಯಿತು. ತಮ್ಮ ಹೊಲದಲ್ಲಿ ಬೆಳೆದಿದ್ದ ಹಳೆಯ ಲಿಂಡ್ ಮರವನ್ನು ನೆನೆದು ಆತನು ಲಿನೇಯಸ್ ಎಂದು ಬರೆಯಿಸಿದನು. ಲೋಕದ ಗಿಡಮರಗಳಿಗೆಲ್ಲ ಮುಂದೆ ಹೆಸರಿಡಲಿದ್ದವನಿಗೆ ಮರವೊಂದು ಮೊದಲೇ ಹೆಸರನ್ನು ಕೊಟ್ಟಿತ್ತು.

ವೆಕ್‌ಷೋ ಪಟ್ಟಣದ ಶಾಲೆಯಲ್ಲಿ ಬಾಲಕನು ಬುದ್ಧಿವಂತನೆಂದು ಹೆಸರು ಪಡೆಯಲಿಲ್ಲ. ಪಾದ್ರಿಯಾಗಲು ಬೇಕಾದ ಪಾಠಗಳಲ್ಲಿ ಅವನಿಗೆ ರುಚಿಯಿರಲಿಲ್ಲ. ಹೊಲಗದ್ದೆಗಳಲ್ಲಿ ಸಸ್ಯಗಳನ್ನು ಅರಸುತ್ತ ತಿರುಗುವುದೇ ಹೆಚ್ಚಾಗಿತ್ತು. ಮಗನ ವಿದ್ಯೆ ಹೇಗಿದೆಯೆಂದು ವಿಚಾರಿಸಲು ೧೭೨೬ರಲ್ಲಿ ತಂದೆ ಬಂದಾಗ, ಇವನಿಗೆ ವಿದ್ಯೆ ಹತ್ತದು, ಯಾವುದಾದರೂ ಕೈಕಸುಬಿಗೆ ಹಚ್ಚುವುದು ಮೇಲೆಂದು ಉಪಾಧ್ಯಾಯರು ತೀರ್ಪು ಕೊಟ್ಟರು. ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರೋಥ್‌ಮನ್ ಎಂಬ ವೈದ್ಯನು ಮಾತ್ರ ಬೇರೆ ಬಗೆಯಾಗಿ ನುಡಿದನು. ಹುಡುಗನು ಪಾದ್ರಿಯಾಗದಿದ್ದರೇನು, ವೈದ್ಯನಾಗಬಲ್ಲನೆಂದು ತಂದೆಯನ್ನು ಒಡಂಬಡಿಸಿ, ತನ್ನ ಮನೆಯಲ್ಲಿರಿಸಿಕೊಂಡು, ಶರೀರಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಹೇಳಿಕೊಟ್ಟನು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದ ನನಗೆ ಈ ಪ್ರಸಂಗವನ್ನು ಓದುವಾಗಲೆಲ್ಲ ಅಳುಕುಂಟಾಗುತ್ತದೆ. ನಾನು ಎಂಥೆಂಥ ಹುಡುಗರ ವಿಷಯದಲ್ಲಿ ಆ ಮೊದಲಿನ ಉಪಾಧ್ಯಾಯರ ತೀರ್ಪನ್ನೇ ಕೊಟ್ಟಿರುವೆನೋ ಬಲ್ಲವರಾರು?

೧೭೨೭ರಲ್ಲಿ ಲುಂಡ್ ವಿಶ್ವವಿದ್ಯಾಲಯ, ಮರುವರ್ಷ ಉಪ್ಸಲಾ. ಬಡತನವು ಕಠೋರವಾಗಿತ್ತು, ಹರಿದ ಪಾದರಕ್ಷೆಗಳೊಳಗೆ ಕಾಗದವನ್ನು ಹಾಸಿಕೊಂಡು ನಡೆಯುತ್ತಿದ್ದನು. ಓಲೋಫ್ ಸೆಲ್ಸಿಯಸ್ ಎಂಬ ಹಿರಿಯ ವಿದ್ವಾಂಸನು ಈತನ ಸಸ್ಯಜ್ಞಾನಕ್ಕೆ ಬೆರಗಾಗಿ ಅನ್ನವಸತಿಗಳನ್ನು ಕೊಟ್ಟು ಪೊರೆದನು. ೧೭೩೨ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡ್ ಪ್ರದೇಶದಲ್ಲಿ ಸಂಚರಿಸಿ ಅಲ್ಲಿಯ ಸಸ್ಯಪ್ರಾಣಿಗಳನ್ನು ಪರಿಶೀಲಿಸಿದನು. ಪೀಟರ್ ಆರ್ಟೇಡಿ ಎಂಬ ಸಹಪಾಠಿಯೊಡನೆ ಈತನಿಗೆ ಗಾಢ ಸ್ನೇಹ. ಇಬ್ಬರೂ ಸೃಷ್ಟಿಯನ್ನು ತಮ್ಮೊಳಗೆ ಪಾಲುಮಾಡಿಕೊಂಡಿದ್ದರು. ಯಾರು ಮೊದಲು ತೀರಿಕೊಂಡರೂ ಉಳಿದವನು ಅವನ ಬರಹವನ್ನು ಲೋಕಕ್ಕೆ ಕೊಡಬೇಕೆಂಬ ಒಪ್ಪಂದವೂ ಇತ್ತು. ೧೭೩೫ರಲ್ಲಿ ಆರ್ಟೇಡಿಯು ಆಮ್‌ಸ್ಟರ್‌ಡಾಮ್ ನಗರದ ಕಾಲುವೆಯಲ್ಲಿ ರಾತ್ರಿ ಬಿದ್ದು ಮೃತನಾದನು. ಅವನು ಮತ್ಸ್ಯಗಳನ್ನು ಕುರಿತು ಬರೆದ ಹಸ್ತಪ್ರತಿಯನ್ನು ಬಾಡಿಗೆಯ ಬಾಕಿಗಾಗಿ ಮನೆಯೊಡೆಯನು ಹಿಡಿದಿಟ್ಟುಕೊಂಡಿದ್ದನು. ಲಿನೇಯಸನು ಕ್ಲಿಫರ್ಡ್ ಎಂಬ ಧನಿಕನ ನೆರವಿನಿಂದ ಅದನ್ನು ಬಿಡಿಸಿಕೊಂಡು ೧೭೩೮ರಲ್ಲಿ ಮಿತ್ರನ ಹೆಸರಿನಲ್ಲಿಯೇ ಪ್ರಕಟಿಸಿದನು.

ಅದೇ ೧೭೩೫ರಲ್ಲಿ ಹಾಲೆಂಡಿನಲ್ಲಿ ವೈದ್ಯಪದವಿಯನ್ನು ಪಡೆದು, ಸಿಸ್ಟೆಮಾ ನ್ಯಾಚುರೇ ಎಂಬ ಗ್ರಂಥವನ್ನು ಅಚ್ಚುಹಾಕಿಸಿದನು. ಪ್ರಕೃತಿಯ ವ್ಯವಸ್ಥೆಯೆಂದು ಅದರ ಅರ್ಥ. ಹನ್ನೊಂದೇ ದೊಡ್ಡ ಪುಟಗಳ ಆ ಕಿರುಹೊತ್ತಗೆ ಮುಂದಿನ ಮುದ್ರಣಗಳಲ್ಲಿ ಸಂಪುಟಗಳಾಗಿ ಬೆಳೆಯಿತು. ೧೭೩೮ರಲ್ಲಿ ಸ್ವದೇಶಕ್ಕೆ ಮರಳಿ ವೈದ್ಯವೃತ್ತಿಯನ್ನು ಹಿಡಿದು, ಮರುವರ್ಷ ವಿವಾಹವಾಗಿ, ೧೭೪೧ರಲ್ಲಿ ಉಪ್ಸಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಬೇಸಿಗೆಯಲ್ಲಿ ಶಿಷ್ಯಸಮೂಹವನ್ನು ಕಟ್ಟಿಕೊಂಡು ಊರಾಚೆಗೆ ಹೋಗಿ, ಸಿಕ್ಕ ಹೂವನ್ನೂ ಕೀಟವನ್ನೂ ಅಲ್ಲಿಯೇ ವಿವರಿಸುತ್ತಿದ್ದನು. ಸಂಜೆ ಕೊಂಬುಕಹಳೆಗಳೊಡನೆ ಜಯಘೋಷ ಮಾಡುತ್ತ ಶಿಷ್ಯರು ಗುರುವನ್ನು ಪಟ್ಟಣಕ್ಕೆ ಕರೆತರುತ್ತಿದ್ದರು.

ಇನ್ನು ಚಿಟ್ಟೆಗಳ ವಿಷಯಕ್ಕೆ ಬರೋಣ. ಅಂದಿನ ವಿದ್ವಾಂಸರು ಒಂದು ಚಿಟ್ಟೆಯನ್ನು ಹೆಸರಿಸಬೇಕಾದರೆ ಅದರ ರೆಕ್ಕೆಯ ಬಣ್ಣ, ಚುಕ್ಕೆಗಳ ಎಣಿಕೆ, ಅಂಚಿನ ರೂಪ ಇವನ್ನೆಲ್ಲ ಲ್ಯಾಟಿನ್ ಭಾಷೆಯಲ್ಲಿ ಒಂದು ಉದ್ದನೆಯ ಸಮಾಸದಂತೆ ಹೇಳುತ್ತಿದ್ದರು. ಒಬ್ಬನ ವಾಕ್ಯ ಇನ್ನೊಬ್ಬನಿಗೆ ಒಪ್ಪಿಗೆಯಾಗದು. ಹೊಸ ಚಿಟ್ಟೆಯೊಂದು ಸಿಕ್ಕಿದರೆ ಹಳೆಯ ವಾಕ್ಯಕ್ಕೆ ಇನ್ನೊಂದು ವಿಶೇಷಣವನ್ನು ಹೊಂದಿಸಬೇಕು. ೧೭೫೮ರ ಹತ್ತನೆಯ ಮುದ್ರಣದಲ್ಲಿ ಲಿನೇಯಸನು ಎಲ್ಲ ಪ್ರಾಣಿಗಳಿಗೂ ಎರಡೆರಡು ಪದಗಳ ಹೆಸರನ್ನು ಸ್ಥಿರಗೊಳಿಸಿದನು. ಮೊದಲನೆಯದು ಕುಲವಾಚಕ, ಎರಡನೆಯದು ಆ ಕುಲದೊಳಗಿನ ಭೇದವಾಚಕ. ಚಿಟ್ಟೆಗಳಿಗೆಲ್ಲ ಕುಲನಾಮ ಪ್ಯಾಪಿಲಿಯೋ. ಲ್ಯಾಟಿನ್ನಿನಲ್ಲಿ ಅದಕ್ಕೆ ಚಿಟ್ಟೆಯೆಂದೇ ಅರ್ಥ. ಆ ಒಂದೇ ಕುಲದಲ್ಲಿ ೧೯೨ ಭೇದಗಳು. ಲಕ್ಷಣವನ್ನು ವಿವರಿಸುವ ಹೊರೆಯನ್ನು ಹೆಸರಿನಿಂದ ಇಳಿಸಿ ಕೆಳಗಿನ ವಿವರಣೆಗೆ ವಹಿಸಿದ್ದೇ ಆತನ ಜಾಣ್ಮೆ. ಹೆಸರು ಕರೆಯುವುದಕ್ಕೆ, ಲಕ್ಷಣ ಗುರುತಿಸುವುದಕ್ಕೆ.

ಕೀಟಗಳನ್ನು ಆತನು ರೆಕ್ಕೆಗಳಿಂದ ವಿಭಾಗಿಸಿದನು. ಚಿಟ್ಟೆಯನ್ನು ಹಿಡಿದರೆ ಬೆರಳಿಗೆ ಅಂಟುವ ಹುಡಿ ವಾಸ್ತವವಾಗಿ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮವಾದ ಶಲ್ಕಗಳು. ಈ ಶಲ್ಕಗಳ ರೆಕ್ಕೆಯುಳ್ಳವುಗಳನ್ನು ಒಂದು ಗಣವಾಗಿಸಿ, ಅದನ್ನು ಮತ್ತೆ ಮೀಸೆಗಳ ಆಕಾರದಿಂದ ಮೂರಾಗಿ ಒಡೆದನು. ಮೀಸೆಯ ತುದಿ ಗದೆಯಂತೆ ದಪ್ಪವಾಗಿದ್ದು, ಕುಳಿತಾಗ ರೆಕ್ಕೆಗಳನ್ನು ಮೇಲಕ್ಕೆ ಜೋಡಿಸಿಕೊಳ್ಳುವವು ಹಗಲಿನ ಚಿಟ್ಟೆಗಳು. ಮೀಸೆಯ ನಡುಭಾಗ ದಪ್ಪವಾದವು ಎರಡನೆಯವು. ತುದಿಯವರೆಗೆ ಸಣ್ಣಗಾಗುತ್ತ ಹೋಗುವವು ಮೂರನೆಯವು. ಕೊನೆಯ ಎರಡನ್ನು ನಾವು ಪತಂಗಗಳೆನ್ನುತ್ತೇವೆ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ನಮ್ಮ ತಾರ್ಕಿಕರು ಹೇಳಿದ್ದಾರೆ. ಕೊಂಬುಳ್ಳದ್ದು ಹಸುವೆಂದರೆ ಎಮ್ಮೆಯೂ ಹಸುವಾಗಿ ಅತಿವ್ಯಾಪ್ತಿ. ಕಪಿಲವರ್ಣದ್ದು ಹಸುವೆಂದರೆ ಬಿಳಿಯ ಹಸು ಹೊರಗುಳಿದು ಅವ್ಯಾಪ್ತಿ. ಮೀಸೆಯನ್ನು ಲಕ್ಷಣವಾಗಿ ಹಿಡಿದಾಗ ಲಿನೇಯಸನು ಬಹುಮಟ್ಟಿಗೆ ಈ ದೋಷಗಳಿಂದ ಪಾರಾದನು. ಬಣ್ಣವನ್ನು ಹಿಡಿದಾಗಲೇ ಸಿಕ್ಕಿಬಿದ್ದನು.

ಚಿಟ್ಟೆಗಳೊಳಗಿನ ಪಂಗಡಗಳಿಗೆ ಆತನು ಕೊಟ್ಟ ಹೆಸರುಗಳನ್ನು ನೋಡಿದರೆ ಕಾವ್ಯಾಭ್ಯಾಸಿಗಳಿಗೆ ಸಂತೋಷವಾಗುತ್ತದೆ. ನಮಗೆ ಭಾರತಯುದ್ಧವಿದ್ದಂತೆ ಗ್ರೀಕರಿಗೆ ಟ್ರಾಯ್ ಯುದ್ಧ. ದೊಡ್ಡ ಚಿಟ್ಟೆಗಳನ್ನು ಆತನು ಅಶ್ವಾರೋಹಿ ವೀರರೆಂದು ಕರೆದು ಎರಡು ಪಡೆಗಳಾಗಿ ನಿಲ್ಲಿಸಿದನು. ಎದೆಯ ಬಳಿ ರಕ್ತದಂಥ ಕೆಂಪು ಕಲೆಗಳುಳ್ಳವು, ಸಾಮಾನ್ಯವಾಗಿ ಕಪ್ಪಾದವು, ಸೋತ ಟ್ರಾಯ್ ಪಕ್ಷದವು. ಎದೆಯಲ್ಲಿ ರಕ್ತದ ಗುರುತಿಲ್ಲದವು ಗೆದ್ದ ಗ್ರೀಕರ ಪಕ್ಷ. ಟ್ರಾಯ್ ಪಡೆಯ ಮೊದಲನೆಯವನು ವೃದ್ಧರಾಜನಾದ ಪ್ರಿಯಾಮ. ಬಳಿಕ ಅವನ ಮಗನಾದ ಹೆಕ್ಟರ್. ಈ ಹೆಕ್ಟರ್ ಚಿಟ್ಟೆ ನಮ್ಮ ಕರ್ನಾಟಕದಲ್ಲಿಯೂ ಹಾರುತ್ತದೆ. ಕೆಂಪು ಮೈ, ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಕುಂಕುಮವರ್ಣದ ಬೊಟ್ಟುಗಳು. ಇದರ ಕಂಬಳಿಹುಳು ಈಶ್ವರಬಳ್ಳಿಯನ್ನು ತಿಂದು ಬೆಳೆಯುತ್ತದೆ. ಸ್ವೀಡನ್ನಿನ ಹುಲ್ಲುಗಾವಲುಗಳಲ್ಲಿ ಕಾಣುವ ಬಾಲವುಳ್ಳ ಹಳದಿಯ ಚಿಟ್ಟೆಗೆ ಗ್ರೀಕ್ ಪಡೆಯ ವೈದ್ಯನಾದ ಮಾಖಾವೋನನ ಹೆಸರು. ವೈದ್ಯನಾದ ಲಿನೇಯಸನು ಆ ಹೆಸರನ್ನು ಬರೆಯುವಾಗ ಸ್ವಲ್ಪ ನಸುನಕ್ಕಿರಬಹುದು. ಚಿಕ್ಕಪುಟ್ಟ ಚಿಟ್ಟೆಗಳಿಗೆ ಮಾತ್ರ ಸಾಮಾನ್ಯ ಪ್ರಜೆಗಳೆಂಬ ಹೆಸರೇ ಗತಿಯಾಯಿತು.

ಆತನು ನೋಡಿದ ವಿದೇಶದ ಚಿಟ್ಟೆಗಳೆಲ್ಲ ಸತ್ತು ಸೂಜಿಗೆ ಚುಚ್ಚಿಸಿಕೊಂಡು ಬಂದವು. ಸ್ವೀಡನ್ನಿನ ರಾಣಿ ಲೊವೀಸಾ ಉಲ್ರಿಕಾ ತನ್ನ ಅರಮನೆಯಲ್ಲಿ ಸಂಗ್ರಹಿಸಿದ್ದ ಚಿಟ್ಟೆಗಳನ್ನೂ ಆತನು ವಿವರಿಸಿದನು. ಗಂಡಾವುದು, ಹೆಣ್ಣಾವುದು, ಯಾವ ಎಲೆಯನ್ನು ತಿಂದು ಬೆಳೆಯಿತು ಎಂಬುದನ್ನು ತಿಳಿಯುವ ಮಾರ್ಗವಿರಲಿಲ್ಲ. ನಮ್ಮ ಹಿತ್ತಿಲಿನ ಕರಿಬೇವು, ನಿಂಬೆಗಿಡಗಳಲ್ಲಿ ಮೊಟ್ಟೆಯಿಡುವ ಒಂದು ಕಪ್ಪು ಚಿಟ್ಟೆಯುಂಟು. ಗಂಡಿನ ಹಿಂದಿನ ರೆಕ್ಕೆಯಲ್ಲಿ ಬಿಳಿಯ ಬೊಟ್ಟುಗಳ ಒಂದು ಸಾಲು ಮಾತ್ರ. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದರೆ, ಉಳಿದವು ಕೆಂಪು ಬೊಟ್ಟುಗಳನ್ನು ಧರಿಸಿ, ಹಕ್ಕಿಗಳು ತಿನ್ನಲೊಲ್ಲದ ಹೆಕ್ಟರನಂಥ ಬೇರೆ ಚಿಟ್ಟೆಗಳ ವೇಷದಲ್ಲಿರುತ್ತವೆ. ಲಿನೇಯಸನು ೧೭೫೮ರಲ್ಲಿ ಗಂಡಿಗೆ ಪ್ಯಾಮನ್ ಎಂದೂ ಹೆಣ್ಣಿಗೆ ಪಾಲಿಟಿಸ್ ಎಂದೂ ಎರಡು ಬೇರೆ ಹೆಸರುಗಳನ್ನಿಟ್ಟನು. ಇವರಿಬ್ಬರೂ ಪ್ರಿಯಾಮನ ಗಂಡುಮಕ್ಕಳು. ಹೀಗೆ ದಂಪತಿಗಳು ಸೋದರರಾದರು! ಈ ಹೆಣ್ಣುಗಳ ವೇಷಾಂತರದ ಮರ್ಮವನ್ನು ಆಲ್‌ಫ್ರೆಡ್ ರಸೆಲ್ ವಾಲೆಸ್ ಎಂಬ ಆಂಗ್ಲ ವಿಜ್ಞಾನಿಯು ೧೮೬೪ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದನು. ಆ ಪ್ರಬಂಧವನ್ನು ಓದಿದ ಸಭೆ ಲಂಡನ್ನಿನಲ್ಲಿ ಲಿನೇಯಸನ ಹೆಸರಿನಲ್ಲಿಯೇ ಸ್ಥಾಪಿತವಾದ ಸಂಘದ ಸಭೆ. ಇಂದು ಆ ಚಿಟ್ಟೆಗೆ ಪಾಲಿಟಿಸ್ ಎಂಬ ಹೆಸರು ನಿಂತಿದೆ.

ಇದಕ್ಕಿಂತ ಕಷ್ಟಕರವಾದ ಪ್ರಸಂಗ ಇನ್ನೊಂದಿದೆ. ೧೭೦೨ರಲ್ಲಿ ಇಂಗ್ಲೆಂಡಿನ ಪೆಟಿವರ್ ಎಂಬ ಸಂಗ್ರಾಹಕನು ತನಗೆ ಬಂದ ಒಂದು ಅಪೂರ್ವ ಚಿಟ್ಟೆಯ ಚಿತ್ರವನ್ನು ಪ್ರಕಟಿಸಿದ್ದನು. ಅಲ್ಲಿಯ ಸಾಮಾನ್ಯವಾದ ಗಂಧಕವರ್ಣದ ಚಿಟ್ಟೆಯಂತೆಯೇ ಅದು ಕಾಣುತ್ತಿತ್ತು. ಆದರೆ ರೆಕ್ಕೆಗಳಲ್ಲಿ ಕಪ್ಪು ಮಚ್ಚೆಗಳೂ ನೀಲಿಯ ಚಂದ್ರಾಕೃತಿಗಳೂ ಅಧಿಕವಾಗಿದ್ದವು. ಲಿನೇಯಸನು ೧೭೬೩ರಲ್ಲಿ ಅದಕ್ಕೆ ಗ್ರಹಣದ ಅರ್ಥ ಬರುವ ಎಕ್ಲಿಪ್ಸಿಸ್ ಎಂಬ ಹೆಸರಿಟ್ಟು, ೧೭೬೭ರ ಹನ್ನೆರಡನೆಯ ಮುದ್ರಣದಲ್ಲಿಯೂ ಸೇರಿಸಿದನು. ಆತನ ಶಿಷ್ಯನೇ ಆದ ಫ್ಯಾಬ್ರಿಷಿಯಸನು ೧೭೯೩ರಲ್ಲಿ ಆ ಮೂಲವಸ್ತುವನ್ನು ಪರೀಕ್ಷಿಸಿ, ಮಚ್ಚೆಗಳೆಲ್ಲ ಯಾರೋ ಬಣ್ಣದಿಂದ ಬರೆದವೆಂದು ಕಂಡುಹಿಡಿದನು. ಸಾಮಾನ್ಯ ಚಿಟ್ಟೆಗೆ ಬಣ್ಣ ಬಳಿದ ಒಬ್ಬ ವಂಚಕನು ತೊಂಬತ್ತು ವರ್ಷಗಳ ಕಾಲ ಪಂಡಿತಮಂಡಲಿಯನ್ನು ಮೋಸಗೊಳಿಸಿದ್ದನು. ಗುರುವಿನ ತಪ್ಪನ್ನು ಮುಚ್ಚದೆ ತಿದ್ದಿದ ಶಿಷ್ಯನನ್ನು ನಾನು ಗುರುದ್ರೋಹಿಯೆನ್ನಲಾರೆ.

ಹೊರಗಿನ ರೂಪವನ್ನು ನಂಬಿ ಆತನು ಮಾಡಿದ ತಪ್ಪುಗಳಲ್ಲಿ ಕ್ಷಮಿಸಲಾಗದ್ದೂ ಒಂದಿದೆ; ಗೌರವದಿಂದ ಬರೆಯುವವನು ಅದನ್ನು ಮರೆಮಾಚಬಾರದು. ಅದೇ ಹತ್ತನೆಯ ಮುದ್ರಣದಲ್ಲಿ ಮನುಷ್ಯರನ್ನೂ ಖಂಡಗಳಿಗೂ ಮೈಬಣ್ಣಕ್ಕೂ ಅನುಸಾರವಾಗಿ ನಾಲ್ಕು ಬಗೆ ಮಾಡಿ, ಒಂದೊಂದು ಬಗೆಗೂ ಒಂದೊಂದು ಸ್ವಭಾವವನ್ನು ಆರೋಪಿಸಿದನು. ಯುರೋಪಿನವರಿಗೆ ಒಳ್ಳೆಯ ಗುಣಗಳು, ಇತರರಿಗೆ ಕೀಳು ಗುಣಗಳು. ಇದು ಲಕ್ಷಣವಲ್ಲ, ಪೂರ್ವಗ್ರಹ. ಚಿಟ್ಟೆಯ ಮೀಸೆಯನ್ನು ಅಷ್ಟು ಎಚ್ಚರದಿಂದ ನೋಡಿದ ಕಣ್ಣು ಇಲ್ಲಿ ನೋಡದೆಯೇ ಬರೆಯಿತು. ಮುಂದೆ ಜನಾಂಗದ್ವೇಷಿಗಳಿಗೆ ಆ ಬರಹವು ಆಧಾರವಾಯಿತು. ಆತ್ಮಪ್ರಶಂಸೆಯೂ ಆತನಲ್ಲಿ ಬೇಕಾದಷ್ಟಿತ್ತು.

ಆತನ ಶಿಷ್ಯರಲ್ಲಿ ಅನೇಕರು ಗುರುವಿನ ಪ್ರೇರಣೆಯಿಂದ ದೂರದೇಶಗಳಿಗೆ ಹೋಗಿ ಮರಳಲೇ ಇಲ್ಲ. ಹಾಸೆಲ್‌ಕ್ವಿಸ್ಟನು ೧೭೫೨ರಲ್ಲಿ ಸ್ಮಿರ್ನಾದಲ್ಲಿ, ಫೋರ್ಸ್‌ಕಾಲನು ೧೭೬೩ರಲ್ಲಿ ಯೆಮೆನ್ ದೇಶದಲ್ಲಿ ತೀರಿಕೊಂಡರು. ಕೋನಿಗ್ ಎಂಬಾತನು ೧೭೬೮ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು, ದಕ್ಷಿಣ ಭಾರತದ ಸಸ್ಯಗಳನ್ನು ಪರಿಶೀಲಿಸುತ್ತ ೧೭೮೫ರಲ್ಲಿ ಈ ನೆಲದಲ್ಲಿಯೇ ಮೃತನಾದನು.

೧೭೭೪ರಲ್ಲಿ ಲಿನೇಯಸನಿಗೆ ಮೊದಲ ಬಾರಿ ಪಾರ್ಶ್ವವಾಯು ಬಡಿಯಿತು. ಎರಡು ವರ್ಷಗಳಲ್ಲಿ ಮತ್ತೊಮ್ಮೆ. ಸ್ಮರಣೆ ಕುಂದುತ್ತ ಬಂದಿತು. ಸಹಿ ಮಾಡುವಾಗ ಗ್ರೀಕ್ ಲಿಪಿಯೂ ಲ್ಯಾಟಿನ್ ಲಿಪಿಯೂ ಬೆರೆತುಹೋಗುತ್ತಿದ್ದವು. ತಾನೇ ರಚಿಸಿದ ಗ್ರಂಥಗಳನ್ನು ಮುಂದಿಟ್ಟರೆ ಯಾರೋ ಮಹಾವಿದ್ವಾಂಸನು ಬರೆದವೆಂದು ಮೆಚ್ಚಿಕೊಂಡು ಪುಟಗಳನ್ನು ತಿರುವುತ್ತಿದ್ದನೆಂದು ಚರಿತ್ರಕಾರರು ಬರೆದಿದ್ದಾರೆ. ಸಾವಿರಾರು ಜೀವಿಗಳ ಹೆಸರುಗಳನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದವನಿಗೆ ತನ್ನ ಹೆಸರೇ ಅಪರಿಚಿತವಾಯಿತು. ೧೭೭೮ನೆಯ ಜನವರಿ ೧೦ರಂದು ಆತನು ಕಾಲವಶನಾದನು. ಉಪ್ಸಲಾದ ಮಹಾ ಇಗರ್ಜಿಯಲ್ಲಿ ಸಮಾಧಿಯಿದೆ.

ಐದು ವರ್ಷಗಳಲ್ಲಿ ಒಬ್ಬನೇ ಮಗನೂ ತೀರಿಕೊಂಡನು. ವಿಧವೆಯು ಸಂಗ್ರಹವನ್ನೆಲ್ಲ ೧೭೮೪ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ತರುಣ ಆಂಗ್ಲನಿಗೆ ಸಾವಿರ ಗಿನಿಗಳಿಗೆ ಮಾರಿದಳು. ಪೆಟ್ಟಿಗೆಗಳು ಹಡಗಿನಲ್ಲಿ ಇಂಗ್ಲೆಂಡನ್ನು ಸೇರಿದವು. ಸ್ಮಿತ್ ಮೊದಲಾದವರು ೧೭೮೮ರಲ್ಲಿ ಲಿನೇಯಸನ ಹೆಸರಿನ ಸಂಘವನ್ನು ಸ್ಥಾಪಿಸಿದರು. ಪ್ರಾಣಿಗಳ ಹೆಸರುಗಳಲ್ಲಿ ಯಾವುದು ಮೊದಲಿನದೆಂಬ ವಿವಾದ ಬಂದಾಗ ೧೭೫೮ನೆಯ ಜನವರಿ ೧ನೆಯ ದಿನಾಂಕವನ್ನೇ ಆರಂಭವೆಂದು ಪ್ರಾಣಿಶಾಸ್ತ್ರಜ್ಞರು ಅಂಗೀಕರಿಸಿದ್ದಾರೆ. ಮೂರು ಸಾವಿರಕ್ಕೂ ಮಿಕ್ಕಿದ ಕೀಟಗಳು ಲಂಡನ್ನಿನ ಆ ಸಂಘದಲ್ಲಿ ಇಂದಿಗೂ ರಕ್ಷಿತವಾಗಿವೆ. ಲಿನೇಯಸನಿಟ್ಟ ಹೆಸರು ಯಾವ ಚಿಟ್ಟೆಗೆ ಸಲ್ಲುವುದೆಂಬ ಸಂದೇಹ ಹುಟ್ಟಿದ ವಿದ್ವಾಂಸರು ಅಲ್ಲಿಗೆ ಹೋಗಿ, ಎರಡೂವರೆ ಶತಮಾನಗಳ ಹಿಂದೆ ಆತನು ಕಣ್ಣಾರೆ ಕಂಡ ಆ ರೆಕ್ಕೆಗಳನ್ನೇ ತೆಗೆಸಿ ನೋಡುತ್ತಾರೆ.