ದೀಪಾವಳಿ ಮೆರವಣಿಗೆಯಲ್ಲಿ ಇಲಿ!

ಮಕ್ಕಳೇ, ದೀಪಾವಳಿ ಮೆರವಣಿಗೆಯಲ್ಲಿ ದೈತ್ಯಾಕಾರದ ಇಲಿಯ ಪ್ರತಿಮೆಯನ್ನು ನೀವು ಎಂದಾದರೂ ನೋಡಿದ್ದೀರಾ? ಅಂಥದ್ದೊಂದು ಮೆರವಣಿಗೆ 1917ರಲ್ಲಿ ಇಂದೋರ್ ನಗರದಲ್ಲಿ ನಡೆಯಿತು. ಅದನ್ನು ಏರ್ಪಡಿಸಿದವರು ಒಬ್ಬ ಸಸ್ಯವಿಜ್ಞಾನಿ. ಅವರ ಹೆಸರು ಪ್ಯಾಟ್ರಿಕ್ ಗೆಡೆಸ್.

ಗೆಡೆಸ್ ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್ಲೆಂಡ್‌ನಲ್ಲಿ. ಜೀವವಿಜ್ಞಾನ ಕಲಿತ ಅವರು 1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೊ ದೇಶಕ್ಕೆ ಹೋದರು. ಅಲ್ಲಿ ಅವರ ಕಣ್ಣು ಕಾಣದಂತಾಯಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಕಳೆದರು. ದೃಷ್ಟಿಯೇನೋ ಮರಳಿತು. ಆದರೆ ಸೂಕ್ಷ್ಮದರ್ಶಕದಲ್ಲಿ ಹೆಚ್ಚು ಹೊತ್ತು ನೋಡಲು ಸಾಧ್ಯವಾಗಲಿಲ್ಲ. ಗೆಡೆಸ್ ಎದೆಗುಂದಲಿಲ್ಲ. ಬರಿಗಣ್ಣಿಗೆ ಕಾಣುವ ದೊಡ್ಡದೊಂದು ‘ಜೀವಿ’ಯನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಅದೇ ಊರು! ಗಿಡದಂತೆ ಊರಿಗೂ ನೀರು, ಗಾಳಿ, ಬೆಳಕು ಬೇಕೆಂಬುದು ಅವರ ವಿಚಾರ.

1886ರಲ್ಲಿ ಮದುವೆಯಾದ ನಂತರ ಅವರು ಪತ್ನಿ ಆನಾ ಜೊತೆ ಎಡಿನ್‌ಬರೊ ನಗರದ ಬಡವರ ಕೇರಿಯಲ್ಲಿ ಮನೆ ಮಾಡಿದರು. ನೆರೆಹೊರೆಯವರೊಂದಿಗೆ ಸೇರಿ ಗೋಡೆಗಳಿಗೆ ಸುಣ್ಣ ಬಳಿದರು, ಕಸ ತೆಗೆದರು, ಹೂಗಿಡ ಬೆಳೆಸಿದರು. 1888ರಲ್ಲಿ ಡಂಡಿ ನಗರದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾದರು.

1914ರಲ್ಲಿ ಗೆಡೆಸ್ ಭಾರತಕ್ಕೆ ಬಂದರು. ಆಗ ನಮ್ಮ ದೇಶದಲ್ಲಿ ಪ್ಲೇಗ್ ಕಾಯಿಲೆಯ ಹಾವಳಿ. ನಮ್ಮ ಬೆಂಗಳೂರಿಗೂ 1898ರಲ್ಲಿ ಈ ಪಿಡುಗು ಬಂದಿತ್ತು. ಪ್ಲೇಗ್ ರೋಗಾಣು ಇಲಿಯಿಂದ ಇಲಿಗೆ ಹರಡುವುದು ಚಿಗಟಗಳ ಮೂಲಕ. ಇಲಿ ಸತ್ತರೆ ಹಸಿದ ಚಿಗಟ ಮನುಷ್ಯನನ್ನು ಕಚ್ಚುತ್ತದೆ. ಕಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಹಾಗಾದರೆ ಮೊದಲು ಮಾಡಬೇಕಾದ ಕೆಲಸ ಯಾವುದು? ನೀವೇ ಹೇಳಬಲ್ಲಿರಿ.

1917ರಲ್ಲಿ ಗೆಡೆಸ್ ಅವರ ಹಿರಿಯ ಮಗ ಯುದ್ಧದಲ್ಲಿ ಮಡಿದರು. ಕೆಲವೇ ವಾರಗಳಲ್ಲಿ ಪತ್ನಿಯೂ ಭಾರತದಲ್ಲೇ ತೀರಿಕೊಂಡರು. ಆ ದುಃಖವನ್ನು ನುಂಗಿಕೊಂಡು ಅವರು ಇಂದೋರಿನ ಕೆಲಸಕ್ಕೆ ಇಳಿದರು. ನಕ್ಷೆ ಹಿಡಿದು ಓಣಿ ಓಣಿ ಸುತ್ತಿದರು. ಜನರು ಅವರನ್ನು ಅನುಮಾನದಿಂದ ನೋಡಿದರು. ಬರೀ ಆಜ್ಞೆಯಿಂದ ಊರು ಶುಚಿಯಾಗದು ಎಂಬುದು ಗೆಡೆಸ್ ಅವರಿಗೆ ತಿಳಿದಿತ್ತು. ಮಹಾರಾಜರ ಒಪ್ಪಿಗೆ ಪಡೆದು ಊರಿಗೆಲ್ಲ ಒಂದು ವಿಷಯ ಸಾರಿಸಿದರು. ಈ ಸಲದ ದೀಪಾವಳಿ ಮೆರವಣಿಗೆ ಹಳೆಯ ದಾರಿಯಲ್ಲಿ ಹೋಗುವುದಿಲ್ಲ. ಯಾವ ಬೀದಿಯಲ್ಲಿ ಹೆಚ್ಚು ಮನೆಗಳು ಶುಚಿಯಾಗಿ ದುರಸ್ತಿಯಾಗಿರುತ್ತವೆಯೋ ಆ ಬೀದಿಯಲ್ಲೇ ಸಾಗುತ್ತದೆ!

ಊರಿಗೆ ಊರೇ ಎದ್ದು ನಿಂತಿತು. ಮನೆ, ಹಿತ್ತಿಲುಗಳಿಂದ ಗಾಡಿಗಟ್ಟಲೆ ಕಸ ಹೊರಬಿತ್ತು. ಗೋಡೆಗಳು ಸುಣ್ಣ ಕಂಡವು. ಮೆರವಣಿಗೆಯಲ್ಲಿ ಚಿಗಟ ಹೊತ್ತ ದೊಡ್ಡ ಇಲಿಯೂ ಬಂತು. ಬಿಳಿ ಉಡುಪು ತೊಟ್ಟ ಪೌರಕಾರ್ಮಿಕರು ಹೂಹಾರ ಧರಿಸಿ, ಹೊಸ ಪೊರಕೆ ಹಿಡಿದು ಗೌರವದಿಂದ ನಡೆದರು. ಕೊನೆಯಲ್ಲಿ ಆ ಇಲಿಯನ್ನು ಸುಟ್ಟರು. ರೋಗದ ಮೂಲ ಯಾವುದೆಂದು ಅಕ್ಷರ ಬಾರದವರಿಗೂ ತಿಳಿಯಿತು.

1919ರಲ್ಲಿ ಗೆಡೆಸ್ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. ನಮ್ಮ ವಿಜ್ಞಾನಿ ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನೂ ಬರೆದರು. 1932ರಲ್ಲಿ ಫ್ರಾನ್ಸ್‌ನಲ್ಲಿ ನಿಧನರಾದರು.

ಈಗ ನೀವೊಂದು ಕೆಲಸ ಮಾಡಿ. ಗೆಳೆಯರೊಂದಿಗೆ ಸೇರಿ ನಿಮ್ಮ ಶಾಲೆಯ ಸುತ್ತಲಿನ ಬೀದಿಗಳ ನಕ್ಷೆ ಬರೆಯಿರಿ. ಕಸದ ರಾಶಿ, ನಿಂತ ನೀರು, ಮರಗಳನ್ನು ಗುರುತಿಸಿ. ಗೆಡೆಸ್ ಇದ್ದಿದ್ದರೆ ಅವರ ಮೆರವಣಿಗೆ ನಿಮ್ಮ ಮನೆಯ ಬೀದಿಗೆ ಬರುತ್ತಿತ್ತೇ?